ಪ್ರೈಮರ್ ಸಿಗದ ಕಾಲದ ಅಭ್ಯಾಸ: ನಾನು ಹಿಡಿದು ನೋಡಿದ ನಾಲ್ಕು ದಾರಿಗಳು

ತೋಟಾಗಳನ್ನು ತಾವೇ ಮರುತುಂಬಿಕೊಳ್ಳುವ ಗುರಿಕಾರರಿಗೆ ನಾಲ್ಕು ಸಾಮಗ್ರಿಗಳು ಬೇಕು: ಹಿತ್ತಾಳೆಯ ಕೇಸು, ಪ್ರೈಮರ್, ಮದ್ದು ಮತ್ತು ಗುಂಡು. ಕೇಸನ್ನು ಹಲವು ಸಲ ಬಳಸಬಹುದು. ಗುಂಡನ್ನು, ಬೇಕೆಂದವರು, ಸೀಸ ಕರಗಿಸಿ ಅಚ್ಚಿಗೆ ಹೊಯ್ದುಕೊಳ್ಳಬಹುದು. ಮದ್ದಿನಲ್ಲಿ ಒಂದು ಬಗೆ ಸಿಗದಿದ್ದರೆ ಇನ್ನೊಂದನ್ನು ಆರಿಸಿಕೊಳ್ಳಲು ಸ್ವಲ್ಪ ಅವಕಾಶವಿದೆ. ಪ್ರೈಮರ್‌ಗೆ ಮಾತ್ರ ಬದಲಿಯಿಲ್ಲ. ಹಳೆಯ ಕೇಪಿನ ಕೋವಿಯಲ್ಲಿ ಕೇಪು ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತದೆ. ಟ್ರಿಗರ್ ಒತ್ತಿದಾಗ ಫೈರಿಂಗ್ ಪಿನ್ ಎಂಬ ಮೊಳೆ ಬಡಿದೊಡನೆ ಸಿಡಿದು ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ಒಮ್ಮೆ ಸಿಡಿದದ್ದು ಮುಗಿಯಿತು. ಅದನ್ನು ಮನೆಯಲ್ಲಿ ತಯಾರಿಸಲು ಹೊರಡುವುದು ಕೈ, ಕಣ್ಣು ಕಳೆದುಕೊಳ್ಳುವ ಕೆಲಸ. ಆದ್ದರಿಂದ 2020ರಲ್ಲಿ ಅಂಗಡಿಗಳ ಕಪಾಟುಗಳು ಬರಿದಾದಾಗ ಎಲ್ಲಕ್ಕಿಂತ ಮೊದಲು ಮಾಯವಾದದ್ದು ಪ್ರೈಮರ್. ಎಲ್ಲಕ್ಕಿಂತ ತಡವಾಗಿ ಮರಳಿದ್ದೂ ಅದೇ.

ನಾನು 300 ಮೀಟರ್ ದೂರದ ಗುರಿಗೆ 308 ವಿಂಚೆಸ್ಟರ್ ರೈಫಲ್‌ನಿಂದ ಮಲಗಿ ಹೊಡೆಯುವ ಅಭ್ಯಾಸಿ. 2021ರ ಆರಂಭದಲ್ಲಿ ನನ್ನ ಬಳಿ ಇದ್ದದ್ದು ಒಂದು ಸಾವಿರಕ್ಕಿಂತ ಕಡಿಮೆ ಪ್ರೈಮರ್. ಹಿಂದಿನಂತೆ ಪ್ರತಿ ವಾರ ಹೊಡೆದರೆ ಅದು ವರ್ಷವನ್ನೂ ದಾಟಿಸುವಂತಿರಲಿಲ್ಲ. ಆಗ ಹದಿನಾರು ತಿಂಗಳ ಕಾಲ, ನಾಲ್ಕು ನಾಲ್ಕು ತಿಂಗಳಂತೆ, ನಾಲ್ಕು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದೆ: ಕಾರ್ಖಾನೆಯಲ್ಲಿ ತಯಾರಾದ ತೋಟಾ, ಸಿಕ್ಕಿದ ಬದಲಿ ಮದ್ದು ಮತ್ತು ಪ್ರೈಮರ್‌ಗಳಿಂದ ಮರುತುಂಬಿದ ತೋಟಾ, ಪಾಯಿಂಟ್ 22 ರಿಮ್‌ಫೈರ್ ರೈಫಲ್, ಕೊನೆಗೆ ಏರ್ ರೈಫಲ್. ಶುರುವಿನಲ್ಲೇ ಹಳೆಯ ಸಾಮಗ್ರಿಯಿಂದ, ಒಂದೇ ಮದ್ದಿನ ಡಬ್ಬಿ ಮತ್ತು ಒಂದೇ ಪ್ರೈಮರ್ ಪೆಟ್ಟಿಗೆಯಿಂದ, ನೂರು ತೋಟಾ ತುಂಬಿ ಎತ್ತಿಟ್ಟಿದ್ದೆ. ಮೊದಲಿಗೆ ಒಂದು ಸಲ, ಆಮೇಲೆ ಪ್ರತಿ ನಾಲ್ಕು ತಿಂಗಳ ಕೊನೆಗೆ ಒಂದು ಸಲ, ಅದೇ ರೈಫಲ್‌ನಿಂದ ಆ ತೋಟಾಗಳಲ್ಲಿ ಇಪ್ಪತ್ತನ್ನು 300 ಮೀಟರ್‌ಗೆ ಹೊಡೆದು ಅಂಕ ಬರೆದಿಟ್ಟುಕೊಂಡೆ. ಪೂರ್ಣಾಂಕ 200, ಆರಂಭದಲ್ಲಿ ನನಗೆ ಬಂದದ್ದು 184. ಒಬ್ಬನೇ ಮನುಷ್ಯ, ಒಂದೇ ರೈಫಲ್, ಒಂದರ ಹಿಂದೆ ಒಂದು ಕ್ರಮ. ಹಾಗಾಗಿ ಇದನ್ನು ವೈಜ್ಞಾನಿಕ ಪರೀಕ್ಷೆ ಎನ್ನಲಾಗದು. ಆದರೂ ಬರಿಯ ಅನಿಸಿಕೆಗಿಂತ ಇದು ಮೇಲು ಎಂಬುದು ನನ್ನ ನಂಬಿಕೆ.

ಕಾರ್ಖಾನೆಯ ತೋಟಾದ ವಿಷಯವನ್ನು ಬೇಗ ಮುಗಿಸಬಹುದು. ಪ್ರೈಮರ್ ಬಿಡಿಯಾಗಿ ಸಿಗದಿದ್ದಾಗಲೂ ತುಂಬಿದ ತೋಟಾ ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಸಿಗುತ್ತಿತ್ತು. ಅದಕ್ಕೆ ಕಾರಣವೂ ಸ್ಪಷ್ಟ: ಪ್ರೈಮರ್ ಮಾಡುವ ದೊಡ್ಡ ಕಂಪನಿಗಳೇ ತೋಟಾವನ್ನೂ ಮಾಡುತ್ತವೆ, ಬೇಡಿಕೆ ಏರಿದಾಗ ತಮ್ಮ ಪ್ರೈಮರ್‌ಗಳನ್ನು ಮೊದಲು ತಮ್ಮ ತೋಟಾಗಳಿಗೆ ಹಾಕಿಕೊಂಡು, ಉಳಿದರೆ ಬಿಡಿಯಾಗಿ ಮಾರುತ್ತವೆ. ಆದರೆ ಸಿಕ್ಕಿದ ಪೆಟ್ಟಿಗೆಗಳು ಒಂದು ತಿಂಗಳು ಒಂದು ತೂಕದ ಗುಂಡಿನವು, ಮರುತಿಂಗಳು ಇನ್ನೊಂದರವು. ಪ್ರತಿ ಪೆಟ್ಟಿಗೆಗೂ ರೈಫಲ್‌ನ ಗುರಿ ನೋಡುವ ಸೈಟ್ ಹೊಂದಿಸಿಕೊಳ್ಳಲು ಐದಾರು ತೋಟಾ ಖರ್ಚಾಗುತ್ತಿತ್ತು, ಮತ್ತು ಗುರಿ ತಪ್ಪಿದಾಗ ತಪ್ಪು ನನ್ನದೋ ತೋಟಾದ್ದೋ ಎಂಬುದು ತಿಳಿಯುತ್ತಿರಲಿಲ್ಲ. ಬೆಲೆ, ಕೊರತೆಗೆ ಮೊದಲು ನಾನೇ ತುಂಬಿಕೊಳ್ಳುತ್ತಿದ್ದ ತೋಟಾದ ಮೂರು ಪಟ್ಟಿಗಿಂತ ಹೆಚ್ಚು. ಬೆಲೆಗೆ ಹೆದರಿ ಕಡಿಮೆ ಹೊಡೆದೆ, ಕಡಿಮೆ ಹೊಡೆದದ್ದರಿಂದ ಕೈ ಜಡವಾಯಿತು. ನಾಲ್ಕು ತಿಂಗಳ ಕೊನೆಗೆ ಬಂದ ಅಂಕ 181. ಈ ದಾರಿಯಿಂದ ಉಳಿದ ನಿಜವಾದ ಲಾಭವೆಂದರೆ ಒಮ್ಮೆ ಮಾತ್ರ ಹೊಡೆದ ಹೊಸ ಹಿತ್ತಾಳೆ ಕೇಸುಗಳು. ಅವು ಇಂದಿಗೂ ಬಳಕೆಯಲ್ಲಿವೆ.

ಎರಡನೆಯ ದಾರಿ ನನಗೆ ಹೆಚ್ಚು ಪ್ರಿಯವಾದದ್ದು, ಹೆಚ್ಚು ನಿರಾಸೆ ತಂದದ್ದೂ ಅದೇ. ರೂಢಿಯ ಮದ್ದು, ರೂಢಿಯ ಪ್ರೈಮರ್ ಸಿಗದಿದ್ದರೂ ಬೇರೆ ತಯಾರಿಕೆಯವು ಆಗಾಗ ಕಾಣಿಸಿಕೊಳ್ಳುತ್ತಿದ್ದವು. ಪ್ರೈಮರ್‌ಗೆ ಮೊದಲಿನ ಮೂರು ಪಟ್ಟು ಕೊಟ್ಟು ಕೊಂಡೆ. ನಾನು ಬಹಳ ಕಾಲ ಬಳಸಿದ ವಾರ್ಗೆಟ್ ಎಂಬ ಮದ್ದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ ತಯಾರಾಗಿ ಹಡಗಿನಲ್ಲಿ ಬರುವಂಥದು. ಅದು ಎಲ್ಲಿಯೂ ಇರಲಿಲ್ಲ. ಅದರ ಬದಲಿಗೆ ಫಿನ್ಲೆಂಡ್‌ನ ವಿಹ್ತಾವೋರಿ ಕಾರ್ಖಾನೆಯ ಎನ್140 ಸಿಕ್ಕಿತು. ಅದು ಒಳ್ಳೆಯ ಮದ್ದು, ಆ ಬಗ್ಗೆ ನನಗೆ ಯಾವ ದೂರೂ ಇಲ್ಲ. ತೊಂದರೆ ಮದ್ದಿನದಲ್ಲ, ಬದಲಾವಣೆಯದು.

ಮದ್ದನ್ನೋ ಪ್ರೈಮರನ್ನೋ ಬದಲಿಸಿದ ಕೂಡಲೇ ಹಳೆಯ ಅಳತೆ ನಿರರ್ಥಕವಾಗುತ್ತದೆ. ಉರಿಯುವ ವೇಗದ ಪಟ್ಟಿಯಲ್ಲಿ ಎರಡು ಮದ್ದುಗಳು ಅಕ್ಕಪಕ್ಕದಲ್ಲಿವೆ ಎಂಬ ಕಾರಣಕ್ಕೆ ಒಂದರ ತೂಕವನ್ನು ಇನ್ನೊಂದಕ್ಕೆ ಹಾಕುವುದು ಜೀವಕ್ಕೆ ಅಪಾಯ. ತಯಾರಕರು ಆ ಮದ್ದಿಗೇ, ಆ ಗುಂಡಿಗೇ ಪ್ರಕಟಿಸಿದ ಕೈಪಿಡಿಯ ಕನಿಷ್ಠ ಅಳತೆಯಿಂದ ಆರಂಭಿಸಿ, ಒಂದೊಂದು ಹಂತದಲ್ಲೂ ಹೊಡೆದ ಕೇಸಿನ ಮೇಲೆ ಅತಿಯಾದ ಒತ್ತಡದ ಗುರುತುಗಳಿವೆಯೇ ಎಂದು ನೋಡುತ್ತ ಮೇಲೇರಬೇಕು. ಪ್ರೈಮರ್ ಬದಲಾದರೂ ಇದೇ ನಿಯಮ. ಹಾಗೆ ಹೊಸ ಹೊಂದಾಣಿಕೆ ಹುಡುಕಲು ನನಗೆ ಮೊದಲ ಸಲ ಅರವತ್ತು ತೋಟಾ ಬೇಕಾಯಿತು. ಎರಡು ತಿಂಗಳಲ್ಲಿ ಆ ಪ್ರೈಮರ್ ಮುಗಿದು ಇನ್ನೊಂದು ತಯಾರಿಕೆಯದು ಸಿಕ್ಕಿದಾಗ ಮತ್ತೆ ನಲವತ್ತು. ಅಂದರೆ ಮೂರು ಪಟ್ಟು ಬೆಲೆಗೆ ಕೊಂಡ ಪ್ರೈಮರ್‌ಗಳಲ್ಲಿ ನೂರನ್ನು, ಅವುಗಳ ಜೊತೆಗೆ ನೂರು ಗುಂಡು ಮತ್ತು ನಳಿಗೆಯ ಆಯುಷ್ಯದ ಒಂದು ಪಾಲನ್ನು, ಅಭ್ಯಾಸಕ್ಕಲ್ಲದೆ ಕೇವಲ ಅಳತೆ ಕಂಡುಕೊಳ್ಳಲು ಸುಟ್ಟೆ. ಪೆಟ್ಟಿಗೆಯ ಮೇಲಿನ ಬೆಲೆ ನೋಡಿ ಲೆಕ್ಕ ಹಾಕುವವರ ಕಣ್ಣಿಗೆ ಈ ಖರ್ಚು ಬೀಳುವುದಿಲ್ಲ.

ಇದೇ ಅವಧಿಯಲ್ಲಿ ಒಂದು ತಪ್ಪನ್ನೂ ಮಾಡಿದೆ. ಪರಿಚಿತರೊಬ್ಬರು ವರ್ಷಗಳ ಹಿಂದೆ ತೆರೆದಿಟ್ಟ ಮದ್ದಿನ ಡಬ್ಬಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆಂದಾಗ ಆಸೆಗೆ ಒಪ್ಪಿ ತಂದೆ. ಮುಚ್ಚಳ ತೆರೆದಾಗ ಹುಳಿ ಹುಳಿಯಾದ, ಮೂಗಿಗೆ ಚುಚ್ಚುವ ವಾಸನೆ. ಕಾಳುಗಳ ನಡುವೆ ತುಕ್ಕಿನ ಬಣ್ಣದ ಪುಡಿ. ಮದ್ದು ಕೆಟ್ಟು ಆಮ್ಲವಾಗುತ್ತಿರುವ ಲಕ್ಷಣ ಅದು. ಒಂದು ಕಾಳನ್ನೂ ಬಳಸದೆ ವಿಲೇವಾರಿ ಮಾಡಿದೆ. ಮುದ್ರೆ ಒಡೆದ ಡಬ್ಬಿಯಲ್ಲಿ ಮೇಲೆ ಬರೆದ ಮದ್ದೇ ಇದೆ ಎಂಬುದಕ್ಕೂ ಖಾತರಿ ಇರುವುದಿಲ್ಲ. ಕೊರತೆಯ ಕಾಲದಲ್ಲಿ ಇಂಥ ಡಬ್ಬಿಗಳು ಕೈಯಿಂದ ಕೈಗೆ ಓಡಾಡುತ್ತವೆ. ದಯವಿಟ್ಟು ಯಾರೂ ಕೊಳ್ಳಬೇಡಿ.

ನಾಲ್ಕು ತಿಂಗಳ ಕೊನೆಗೆ ಅಂಕ 183. ಬದಲಿ ತೋಟಾ ಗುರಿಹಾಳೆಯ ಮೇಲೆ ಚೆನ್ನಾಗಿಯೇ ಗುಂಪುಗೂಡುತ್ತಿತ್ತು. ಆದರೆ ನನ್ನ ಗಮನವೆಲ್ಲ ತಕ್ಕಡಿ, ಅಳತೆಗೋಲುಗಳ ಮೇಲಿತ್ತು. ಉಸಿರು ಮತ್ತು ಬೆರಳಿನ ಮೇಲಲ್ಲ.

ಇಲ್ಲಿ ಒಂದು ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಬೆಲೆಯೇರಿಕೆಯ ಬಿಸಿ ಎಲ್ಲರಿಗೂ ಒಂದೇ ಕಡೆಯಿಂದ ತಟ್ಟುವುದಿಲ್ಲ. ಒಂದು ಪೌಂಡ್ ಎಂದರೆ 7000 ಗ್ರೇನ್. ನನ್ನ ರೈಫಲ್‌ನ ತೋಟಾಕ್ಕೆ ಸುಮಾರು 42 ಗ್ರೇನ್ ಮದ್ದು ಎಂದಿಟ್ಟುಕೊಂಡರೆ ಒಂದು ಪೌಂಡಿನಲ್ಲಿ ಸುಮಾರು 166 ತೋಟಾ. ಒಂಬತ್ತು ಮಿಲಿಮೀಟರ್ ಪಿಸ್ತೂಲಿನ ತೋಟಾಕ್ಕೆ ನಾಲ್ಕೂವರೆ ಗ್ರೇನ್ ಸಾಕಾದರೆ ಅದೇ ಪೌಂಡಿನಲ್ಲಿ 1500ಕ್ಕೂ ಹೆಚ್ಚು. ಪ್ರೈಮರ್ ಮಾತ್ರ ಇಬ್ಬರಿಗೂ ತೋಟಾಕ್ಕೆ ಒಂದೇ. ಹೀಗಾಗಿ ಪಿಸ್ತೂಲಿನವರಿಗೆ ಪ್ರೈಮರ್ ಬೆಲೆಯೇ ದೊಡ್ಡ ಪೆಟ್ಟು, ಮದ್ದಿನ ಏರಿಕೆ ಹೆಚ್ಚೇನೂ ತಟ್ಟದು; ರೈಫಲ್‌ನವರಿಗೆ ಎರಡೂ ಪೆಟ್ಟು. ಪಿಸ್ತೂಲಿನ ಅಭ್ಯಾಸಿಗಳು ದುಬಾರಿ ಪ್ರೈಮರ್ ಕೊಂಡಾದರೂ ಮರುತುಂಬುವುದನ್ನು ಮುಂದುವರಿಸಿದ್ದನ್ನು ನಾನು ತಪ್ಪೆನ್ನಲಾರೆ. ನನ್ನ ತೀರ್ಮಾನಗಳು ರೈಫಲ್‌ನವು.

ಮೂರನೆಯದು ಪಾಯಿಂಟ್ 22. ಇದರ ಪ್ರೈಮರ್ ರಾಸಾಯನಿಕ ಕೇಸಿನ ಅಂಚಿನ ಮಡಿಕೆಯಲ್ಲೇ ಇರುವುದರಿಂದ ಮರುತುಂಬುವ ಮಾತಿಲ್ಲ, ಹೊಡೆದದ್ದು ಹೋಯಿತು. ಇದೂ ಕೊರತೆಯಿಂದ ಹೊರತಲ್ಲ. 2013ರ ಸುಮಾರಿಗೆ ಅಮೆರಿಕದಲ್ಲಿ ಬಹಳ ಕಾಲ ಕಾಣೆಯಾಗಿದ್ದದ್ದು ಈ ಪುಟ್ಟ ತೋಟಾವೇ. ಆದರೂ ಒಂದು ತೋಟಾಕ್ಕೆ ನಾನು ಕೊಟ್ಟದ್ದು ಬದಲಿ ಸಾಮಗ್ರಿಯ ರೈಫಲ್ ತೋಟಾದ ಆರನೆಯ ಒಂದು ಭಾಗ ಮಾತ್ರ. ಒಂದೇ ತಂಡದ, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ, ತೋಟಾಗಳು ಒಟ್ಟಿಗೆ ಸಿಗುವವರೆಗೆ ಕಾದು, ನಾಲ್ಕು ತಯಾರಿಕೆಗಳನ್ನು ನನ್ನ ರೈಫಲ್‌ನಲ್ಲಿ ಹೊಡೆದು ನೋಡಿ, ಹೊಂದಿದ ಒಂದನ್ನು ಕೊಂಡೆ. ಈ ಹೊಂದಾಣಿಕೆ ನೋಡುವುದು ಅವಶ್ಯ. ಒಂದೇ ಬೆಲೆಯ ಎರಡು ಪೆಟ್ಟಿಗೆಗಳು ಒಂದೇ ನಳಿಗೆಯಲ್ಲಿ ತೀರ ಭಿನ್ನವಾಗಿ ನಡೆದುಕೊಂಡವು.

ಅದನ್ನು 100 ಮೀಟರ್‌ಗೆ ಹೊಡೆದಾಗ ಗಾಳಿ ಏನೆಂಬುದು ನನಗೆ ಹೊಸದಾಗಿ ಅರ್ಥವಾಯಿತು. 40 ಗ್ರೇನ್‌ನ, ಸೆಕೆಂಡಿಗೆ 330 ಮೀಟರ್‌ನ ಆಸುಪಾಸಿನಲ್ಲಿ ಹೊರಡುವ ಆ ಹಗುರ ಗುಂಡನ್ನು ಸಣ್ಣ ಗಾಳಿಯೂ ಎದ್ದು ಕಾಣುವಷ್ಟು ಸರಿಸುತ್ತದೆ. ದೊಡ್ಡ ರೈಫಲ್ ಮನ್ನಿಸಿಬಿಡುವ ತಪ್ಪನ್ನು ಇದು ಹಾಳೆಯ ಮೇಲೆ ಬರೆದು ತೋರಿಸುತ್ತದೆ. ಹುಲ್ಲಿನ ಬಾಗು, ಕಾವಿನ ಅಲೆ, ಧ್ವಜದ ತುದಿ ಇವನ್ನೆಲ್ಲ ಓದಲು ನಾನು ಕಲಿತದ್ದು ಈ ನಾಲ್ಕು ತಿಂಗಳಲ್ಲಿ, ಅದಕ್ಕೂ ಹಿಂದಿನ ನಾಲ್ಕು ವರ್ಷಗಳಲ್ಲಿ ಅಲ್ಲ. ಹೊಡೆದಾಗ ರೈಫಲ್ ಭುಜಕ್ಕೆ ಒದೆಯುವ ಹಿಮ್ಮೆಟ್ಟಿನ ಅಭ್ಯಾಸ ಮಾತ್ರ ತಪ್ಪಿಹೋಗುತ್ತದೆ; ಮತ್ತೆ 308 ಹಿಡಿದಾಗ ಮೊದಲ ಮೂರು ಹೊಡೆತಗಳಿಗೆ ಭುಜ ಮುಂಚಿತವಾಗಿಯೇ ಬಿಗಿಯುತ್ತಿತ್ತು. ಆ ಮೂರನ್ನೂ ಸೇರಿಸಿಯೇ ಅಂಕ 189.

ನಾಲ್ಕನೆಯದಾದ ಏರ್ ರೈಫಲ್ ಬಗ್ಗೆ ನನಗೆ ಗೌರವವಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮಕ್ಕಳು ಕಲಿಯಲು ಶುರುಮಾಡುವ ಸಾಧನವೆಂದೇ ಎಣಿಸಿದ್ದೆ. ಆದರೆ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, 4.5 ಮಿಲಿಮೀಟರ್‌ನ ಪೆಲೆಟ್‌ನಿಂದ ಅದನ್ನು ಮುಟ್ಟಬೇಕು. ಇದರಲ್ಲಿ ಮದ್ದಿಲ್ಲ, ಪ್ರೈಮರಿಲ್ಲ, ಕೇಸಿಲ್ಲ. ಸೀಸದ ಪೆಲೆಟ್ ಮತ್ತು ಗಾಳಿ, ಅಷ್ಟೇ. ಕೊರತೆಯ ಸರಪಳಿಯ ಯಾವ ಕೊಂಡಿಯೂ ಇದನ್ನು ನೇರವಾಗಿ ಮುಟ್ಟುವುದಿಲ್ಲ. ಹಿಂದೆ ನೂರು ರೈಫಲ್ ತೋಟಾಕ್ಕೆ ಆಗುತ್ತಿದ್ದ ಖರ್ಚಿನಲ್ಲಿ ತಿಂಗಳುಗಟ್ಟಲೆ ಹೊಡೆದೆ. ಬಂದೂಕು ಕೊಳ್ಳುವ ಮೊದಲ ಖರ್ಚು ದೊಡ್ಡದೆಂಬುದು ನಿಜ. ನಾನು ಬೇರೆಯವರು ಬಳಸಿದ್ದನ್ನು ಕೊಂಡೆ.

ಪೆಲೆಟ್ ನಿಧಾನವಾಗಿ ಸಾಗುವುದರಿಂದ ಟ್ರಿಗರ್ ಒತ್ತಿದ ಮೇಲೂ ಅದು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಆ ಹೊತ್ತಿನಲ್ಲಿ ಕೆನ್ನೆ ಎತ್ತಿದರೆ, ಉಸಿರು ಬಿಟ್ಟರೆ, ತಪ್ಪು ಕೂಡಲೇ ಹಾಳೆಯ ಮೇಲೆ ಕಾಣುತ್ತದೆ. ಹೊಡೆದ ಮೇಲೂ ಸ್ಥಿರವಾಗಿರುವುದನ್ನು ನನಗೆ ಕಲಿಸಿದ್ದು ಇದೇ. ಇದರ ಜೊತೆಗೆ ದಿನಕ್ಕೆ ಹದಿನೈದು ನಿಮಿಷ ಖಾಲಿ ರೈಫಲ್‌ನಲ್ಲಿ ಡ್ರೈ ಫೈರ್, ಅಂದರೆ ತೋಟಾ ಇಲ್ಲದೆ ಗುರಿಯಿಟ್ಟು ಟ್ರಿಗರ್ ಒತ್ತುವ ಅಭ್ಯಾಸ, ಮಾಡುತ್ತಿದ್ದೆ. ತೋಟಾ ಕೂರುವ ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು. ಗಾಳಿಯ ಪಾಠ 10 ಮೀಟರ್‌ನಲ್ಲಿ ಸಿಗುವುದಿಲ್ಲ, ಹಿಮ್ಮೆಟ್ಟಿನದಂತೂ ಇಲ್ಲವೇ ಇಲ್ಲ. ಅಂಕ 190. ಪಾಯಿಂಟ್ 22ರ ಕಲಿಕೆಯ ಮೇಲೆ ಇದು ಕೂಡಿಕೊಂಡದ್ದರಿಂದ ಒಂದು ಅಂಕದ ವ್ಯತ್ಯಾಸಕ್ಕೆ ನಾನು ಬೆಲೆ ಕೊಡುವುದಿಲ್ಲ. ನಾಲ್ಕು ತಿಂಗಳು ಒಂದೇ ಒಂದು ತೋಟಾ ಸುಡದೆಯೂ ಅಂಕ ಕುಸಿಯಲಿಲ್ಲವೆಂಬುದಕ್ಕೆ ಕೊಡುತ್ತೇನೆ.

ಈ ಎರಡನ್ನು ಎದುರೆದುರು ಇಟ್ಟು ಒಂದನ್ನೇ ಆರಿಸಬೇಕೆಂದರೆ, 100 ಮೀಟರ್ ರೇಂಜ್ ಹತ್ತಿರವಿರುವವರು ಪಾಯಿಂಟ್ 22 ತೆಗೆದುಕೊಳ್ಳುವುದು ಮೇಲು; ರೇಂಜ್ ದೂರವಿದ್ದು, ಮನೆಯಲ್ಲಿ ಕಾನೂನುಬದ್ಧವಾಗಿ, ಸುರಕ್ಷಿತವಾಗಿ 10 ಮೀಟರ್ ಜಾಗ ಮಾಡಿಕೊಳ್ಳಬಲ್ಲವರು ಏರ್ ರೈಫಲ್ ತೆಗೆದುಕೊಳ್ಳಲಿ. ಬದಲಿ ಸಾಮಗ್ರಿಯ ಬೆನ್ನು ಹತ್ತುವುದನ್ನು, ಒಂದೇ ಸಲಕ್ಕೆ ಕನಿಷ್ಠ ಸಾವಿರ ಪ್ರೈಮರ್ ಮತ್ತು ಅದಕ್ಕೆ ಬೇಕಾದ ಆರೇಳು ಪೌಂಡ್ ಮದ್ದು ಒಂದೇ ತಂಡದ್ದು ಸಿಕ್ಕರೆ ಮಾತ್ರ, ಮತ್ತು ಅಷ್ಟನ್ನು ಇಟ್ಟುಕೊಳ್ಳಲು ಅಲ್ಲಿನ ನಿಯಮ ಒಪ್ಪಿದರೆ ಮಾತ್ರ, ನಾನು ಸಮರ್ಥಿಸುತ್ತೇನೆ. ನೂರು ಇಲ್ಲಿ, ಇನ್ನೂರು ಅಲ್ಲಿ ಎಂದು ಕೊಂಡರೆ ಎಲ್ಲವೂ ಅಳತೆ ಹುಡುಕುವುದರಲ್ಲೇ ಕರಗುತ್ತದೆ.

ಆ ಹದಿನಾರು ತಿಂಗಳು ಮುಗಿಯುವ ಹೊತ್ತಿಗೆ ಪ್ರೈಮರ್ ಸ್ವಲ್ಪ ಸ್ವಲ್ಪವಾಗಿ ಕಾಣತೊಡಗಿತು. ಅಷ್ಟರಲ್ಲಿ ಮದ್ದಿನ ಸರದಿ ಬಂತು. ಹೊಗೆರಹಿತ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್. ಅದನ್ನು ಹತ್ತಿಬೀಜಕ್ಕೆ ಅಂಟಿದ ಗಿಡ್ಡ ನಾರಿನಿಂದ ಮಾಡುತ್ತಾರೆ, ಮತ್ತು ಫಿರಂಗಿ ಗುಂಡುಗಳ ಮದ್ದಿಗೂ ಅದೇ ಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ 155 ಮಿಲಿಮೀಟರ್ ಫಿರಂಗಿ ಗುಂಡುಗಳ ಬೇಡಿಕೆ ಹೆಚ್ಚಿತು. ಆ ಹತ್ತಿ ನಾರಿಗೆ ಯುರೋಪಿನ ಕಾರ್ಖಾನೆಗಳು ಬಹುಮಟ್ಟಿಗೆ ಚೀನಾವನ್ನು ನೆಚ್ಚಿದ್ದವು. 2024ರ ಹೊತ್ತಿಗೆ ಮದ್ದಿನ ಬೆಲೆ ಮತ್ತೆ ಏರಿದಾಗ ನನ್ನ ಬಳಿ ನಾಲ್ಕು ಪೌಂಡ್ ಉಳಿದಿತ್ತು. ವಾರದ ಅಭ್ಯಾಸ ಪಾಯಿಂಟ್ 22ರಲ್ಲಿ, ದಿನದ್ದು ಏರ್ ರೈಫಲ್‌ನಲ್ಲಿ ನಡೆದಿತ್ತು. 308ರ ಮದ್ದಿನ ಡಬ್ಬಿಯನ್ನು ತೆರೆಯುತ್ತಿದ್ದದ್ದು ಸ್ಪರ್ಧೆಗೆ ಮುಂಚಿನ ವಾರ ಮಾತ್ರ, ಭುಜಕ್ಕೆ ಹಿಮ್ಮೆಟ್ಟು ನೆನಪಿಸಲು ಬೇಕಾದ ಹತ್ತು ತೋಟಾವನ್ನೂ ಸೇರಿಸಿಕೊಂಡು. ಆ ನಾಲ್ಕು ಪೌಂಡಿನಲ್ಲಿ ಒಂದೂವರೆ ಇನ್ನೂ ಇದೆ.