ಕಡಲಮಟ್ಟದ ಹಳೆಯ ದಾಖಲೆಗಳು: ಲಿವರ್‌ಪೂಲ್‌ನ ಉಚಿತ ಸೇವೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಶರಾವತಿಯ ಮೇಲೆ ಪ್ರಾಜೆಕ್ಟ್ ಮಾಡುವ ಶಿವಮೊಗ್ಗ, ಸಾಗರದ ವಿದ್ಯಾರ್ಥಿಗಳಿಗೆ ಹೊಸನಗರದ ಮಳೆ, ಲಿಂಗನಮಕ್ಕಿಯ ಒಳಹರಿವು ಹೇಗೋ ಸಿಗುತ್ತದೆ. ಹೊನ್ನಾವರದ ಅಳಿವೆಗೆ ಬಂದಾಗ ಕಡಲಮಟ್ಟದ ಲೆಕ್ಕ ಎಲ್ಲಿಂದ ತರುವುದು ಎಂಬ ಪ್ರಶ್ನೆ ಏಳುತ್ತದೆ. ಮೊದಲು ನೋಡಬೇಕಾದದ್ದು ಪಿಎಸ್‌ಎಂಎಸ್‌ಎಲ್, ಅಂದರೆ ಪರ್ಮನೆಂಟ್ ಸರ್ವಿಸ್ ಫಾರ್ ಮೀನ್ ಸೀ ಲೆವೆಲ್. ಲಿವರ್‌ಪೂಲ್‌ನಿಂದ 1933ರಿಂದ ನಡೆಯುತ್ತಿರುವ ಈ ಸೇವೆ ಜಗತ್ತಿನ ಟೈಡ್ ಗೇಜ್‌ಗಳ (ಬಂದರುಗಳಲ್ಲಿ ಕಡಲಮಟ್ಟ ಅಳೆಯುವ ಉಪಕರಣಗಳ) ಮಾಸಿಕ ಮತ್ತು ವಾರ್ಷಿಕ ಸರಾಸರಿಗಳನ್ನು ಉಚಿತವಾಗಿ ಕೊಡುತ್ತದೆ. ನಮ್ಮ ಕರಾವಳಿಯ ಕಾರವಾರ ಮತ್ತು ಪಣಂಬೂರು ಇದರಲ್ಲಿವೆ. ಪಕ್ಕದ ಮರ್ಮಗೋವಾ, ಕೊಚ್ಚಿಯೂ ಇವೆ. ಮುಂಬೈ ದಾಖಲೆಯಂತೂ 1878ರಿಂದ ಶುರುವಾಗುತ್ತದೆ. ಸೇವೆ ಅತ್ಯುತ್ತಮ. ಆದರೆ ಇಳಿಸಿಕೊಂಡ ಫೈಲನ್ನು ನೇರ ಗ್ರಾಫಿಗೆ ಹಾಕಿದರೆ ಫಲಿತಾಂಶ ಕೆಡುತ್ತದೆ.

ಫೈಲುಗಳು ಚಿಕ್ಕವು. ಮುಂಬೈಯ ಶತಮಾನಕ್ಕೂ ಮೀರಿದ ಮಾಸಿಕ ಪಟ್ಟಿಯೇ ನೂರು ಕೆಬಿ ದಾಟುವುದಿಲ್ಲ, ನೆಟ್‌ವರ್ಕ್ ದುರ್ಬಲವಾಗಿರುವ ಮಲೆನಾಡಿನ ಹಳ್ಳಿಯಲ್ಲೂ ಇಳಿಯುತ್ತದೆ. ಪ್ರತಿ ಸಾಲಿನಲ್ಲಿ ಸೆಮಿಕೋಲನ್‌ನಿಂದ ಬೇರ್ಪಟ್ಟ ನಾಲ್ಕು ಅಂಕಣ: ದಶಮಾಂಶದಲ್ಲಿ ವರ್ಷ, ಮಿಲಿಮೀಟರಿನಲ್ಲಿ ಮಟ್ಟ, ಆ ತಿಂಗಳಲ್ಲಿ ಅಳತೆ ತಪ್ಪಿದ ದಿನಗಳು, ಎಚ್ಚರಿಕೆಯ ಸಂಕೇತ. ಅಳತೆಯೇ ಇಲ್ಲದ ತಿಂಗಳಿಗೆ -99999 ಎಂದಿರುತ್ತದೆ. ಎಕ್ಸೆಲ್ ಅದನ್ನೂ ಸಂಖ್ಯೆಯೆಂದೇ ಕೂಡಿಸುವುದರಿಂದ ಮೊದಲು ಅವನ್ನೆಲ್ಲ ಖಾಲಿ ಮಾಡಬೇಕು. ಕೊನೆಯ ಎರಡು ಅಂಕಣಗಳನ್ನು ಬಹಳ ಜನ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ, ಗುಣಮಟ್ಟದ ಸುಳಿವೆಲ್ಲ ಅಲ್ಲೇ ಇದೆ.

ಈ ಸೇವೆಯ ನಿಜವಾದ ಬೆಲೆ ಆರ್‌ಎಲ್‌ಆರ್, ಅಂದರೆ ರಿವೈಸ್ಡ್ ಲೋಕಲ್ ರೆಫರೆನ್ಸ್ ಎಂಬ ವಿಭಾಗದಲ್ಲಿದೆ. ಟೈಡ್ ಗೇಜ್ ಅಳೆಯುವುದು ತನ್ನ ಸೊನ್ನೆಯಿಂದ ನೀರಿನ ಎತ್ತರವನ್ನು. ಜೆಟ್ಟಿ ದುರಸ್ತಿಯಾದಾಗಲೋ ಉಪಕರಣ ಬದಲಾದಾಗಲೋ ಆ ಸೊನ್ನೆ ಸರಿಯುತ್ತದೆ. ಅಡಿಕೆ ತೂಗುವಾಗ ನಡುವೆ ತೂಕದ ಕಲ್ಲನ್ನೇ ಬದಲಿಸಿದ ಹಾಗೆ. ದಡದ ಮೇಲಿನ ಬೆಂಚ್ ಮಾರ್ಕಿಗೆ (ಕದಲದ ಎತ್ತರದ ಗುರುತಿಗೆ) ಲೆವೆಲಿಂಗ್ ಮಾಡಿದ, ಅಂದರೆ ಎತ್ತರದ ವ್ಯತ್ಯಾಸ ಅಳೆದ ದಾಖಲೆ ಇದ್ದರೆ ಮಾತ್ರ ಹಳೆಯ, ಹೊಸ ತುಂಡುಗಳನ್ನು ಜೋಡಿಸಲು ಸಾಧ್ಯ. ಹಾಗೆ ಜೋಡಿಸಿದ್ದೇ ಆರ್‌ಎಲ್‌ಆರ್. ಮೈನಸ್ ಸಂಖ್ಯೆ ಬಾರದಂತೆ ಇದರ ಸೊನ್ನೆಯನ್ನು ಸರಾಸರಿ ಮಟ್ಟದಿಂದ ಸುಮಾರು 7000 ಮಿ.ಮೀ. ಕೆಳಗೆ ಇಟ್ಟಿರುತ್ತಾರೆ. ಬೆಂಚ್ ಮಾರ್ಕಿನ ಇತಿಹಾಸ ಸಿಗದ ದಾಖಲೆಗಳು ‘ಮೆಟ್ರಿಕ್’ ವಿಭಾಗದಲ್ಲಿವೆ. ಏರಿಕೆಯ ದರ ಲೆಕ್ಕ ಹಾಕಲು ಅವನ್ನು ಬಳಸಲೇಬಾರದು. 50 ವರ್ಷದ ದಾಖಲೆಯ ನಡುವೆ 5 ಸೆಂ.ಮೀ. ಜಿಗಿತ ಅಡಗಿದ್ದರೆ, ಕಡಲು ಕದಲದಿದ್ದರೂ ನೇರ ರೇಖೆ ವರ್ಷಕ್ಕೆ 1.5 ಮಿ.ಮೀ. ಏರಿಕೆ ತೋರಿಸುತ್ತದೆ. ಭಾರತದ ದೀರ್ಘ ದಾಖಲೆಗಳಿಂದ ಬಂದ ಇಪ್ಪತ್ತನೆಯ ಶತಮಾನದ ದರವೇ ವರ್ಷಕ್ಕೆ ಸುಮಾರು 1.3 ಮಿ.ಮೀ.

ಇಲ್ಲಿ ಒಂದು ಎಚ್ಚರ. ಆರ್‌ಎಲ್‌ಆರ್ ಸಂಖ್ಯೆಯಿಂದ 7000 ಕಳೆದರೆ ಸಿಗುವುದು ಲಿಂಗನಮಕ್ಕಿ ಜಲಾಶಯದ 1819 ಅಡಿಯ ಪೂರ್ಣಮಟ್ಟವನ್ನು ಎಣಿಸುವ ‘ಸಮುದ್ರಮಟ್ಟ’ ಅಲ್ಲ. ದೇಶದ ಎತ್ತರಗಳಿಗೆ ಆಧಾರವಾದ 1909ರ ಲೆವೆಲಿಂಗ್ ಜಾಲವನ್ನು ಒಂಬತ್ತು ಟೈಡ್ ಗೇಜ್‌ಗಳ ಸರಾಸರಿ ಮಟ್ಟಕ್ಕೆ ಕಟ್ಟಲಾಗಿತ್ತು. ಕಾರವಾರವೂ ಅವುಗಳಲ್ಲೊಂದು. ಎರಡೂ ಬೇರೆ ಬೇರೆ ಸೊನ್ನೆಗಳು. ಪ್ರವಾಹದ ಮಾದರಿಯಲ್ಲಿ ಬೆರೆಸಿದರೆ ಅಳಿವೆಯ ಲೆಕ್ಕ ಪೂರ್ತಿ ತಪ್ಪುತ್ತದೆ.

ಆರ್‌ಎಲ್‌ಆರ್ ಆದರೂ ಒಂದು ಪರೀಕ್ಷೆ ನೀವೇ ಮಾಡಬೇಕು. ಕಾರವಾರದ ಮಾಸಿಕ ಮಟ್ಟದಿಂದ ಪಣಂಬೂರಿನ ಅದೇ ತಿಂಗಳ ಮಟ್ಟವನ್ನು ಕಳೆದು ಗ್ರಾಫ್ ಎಳೆಯಿರಿ. ಗಾಳಿ, ಒತ್ತಡ, ಮುಂಗಾರಿನ ಪ್ರಭಾವ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹುಪಾಲು ಕಳೆದುಹೋಗುತ್ತದೆ. ಉಳಿದ ಗೆರೆ ಒಮ್ಮೆಲೇ ಮೆಟ್ಟಿಲಿನಂತೆ ಎದ್ದರೆ ಯಾವುದೋ ಒಂದು ಗೇಜಿನ ಸೊನ್ನೆ ಸರಿದಿದೆ. ಯಾವುದು ಎಂದು ತಿಳಿಯಲು ಎರಡನ್ನೂ ಮರ್ಮಗೋವಾದೊಂದಿಗೆ ಹೋಲಿಸಿ. ಜಿಗಿತ 305 ಮಿ.ಮೀ. ಆಸುಪಾಸಿನಲ್ಲಿದ್ದರೆ ಯಾರೋ ಒಂದು ಅಡಿ ತಪ್ಪಾಗಿ ಓದಿರಬೇಕು. 30 ಆದರೆ ಅಡಿಯ ಹತ್ತನೇ ಒಂದು ಭಾಗ. ಮೆಟ್ಟಿಲಿಲ್ಲದೆ ಮೆಲ್ಲನೆ ವಾಲಿದರೆ ನೆಲವೋ ಜೆಟ್ಟಿಯೋ ಕುಸಿಯುತ್ತಿರುವ ಸಾಧ್ಯತೆ ಇದೆ.

ಬಿಟ್ಟುಹೋದ ತಿಂಗಳುಗಳ ಅಪಾಯ ನಮ್ಮ ಕರಾವಳಿಯಲ್ಲಿ ವಿಶೇಷವಾದದ್ದು. ಮಲೆನಾಡಿನವರಿಗೆ ಇದು ಅಚ್ಚರಿ ಎನಿಸಬಹುದು: ಆಷಾಢ, ಶ್ರಾವಣದಲ್ಲಿ ನದಿಗಳು ತುಂಬಿ ಹರಿಯುವಾಗ ಕರ್ನಾಟಕದ ತೀರದಲ್ಲಿ ಸರಾಸರಿ ಕಡಲಮಟ್ಟ ತಗ್ಗಿರುತ್ತದೆ. ಮುಂಗಾರಿನಲ್ಲಿ ತೀರದ ಪ್ರವಾಹ ದಕ್ಷಿಣಕ್ಕೆ ಹರಿದು, ಆಳದ ತಣ್ಣನೆಯ ಭಾರವಾದ ನೀರು ಮೇಲೇಳುತ್ತದೆ. ನವೆಂಬರ್ ಹೊತ್ತಿಗೆ ಪ್ರವಾಹ ಉತ್ತರಕ್ಕೆ ತಿರುಗಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ಹಗುರ ನೀರನ್ನು ತರುತ್ತದೆ, ಮಟ್ಟ ಏರುತ್ತದೆ. ಹೀಗಾಗಿ ಮಳೆಗಾಲದಲ್ಲಿ ಗೇಜ್ ಕೆಟ್ಟ ವರ್ಷದ ಸರಾಸರಿ ಸುಳ್ಳೇ ಮೇಲಕ್ಕೇರುತ್ತದೆ. ಪಿಎಸ್‌ಎಂಎಸ್‌ಎಲ್ ಕನಿಷ್ಠ 11 ತಿಂಗಳಿದ್ದರೆ ಮಾತ್ರ ವಾರ್ಷಿಕ ಸರಾಸರಿ ಕೊಡುತ್ತದೆ, 15ಕ್ಕಿಂತ ಹೆಚ್ಚು ದಿನ ತಪ್ಪಿದ ತಿಂಗಳನ್ನು ಕೈಬಿಡುತ್ತದೆ. ಈ ಶಿಸ್ತು ಬಹಳ ಸರಿಯಾದದ್ದು. ನೀವೇ ಸರಾಸರಿ ಮಾಡುವುದಾದರೆ ಮೊದಲು ಪ್ರತಿ ತಿಂಗಳ ದೀರ್ಘಕಾಲದ ಸರಾಸರಿಯನ್ನು ಕಳೆಯಿರಿ.

ಕೊರತೆಯೂ ಇದೆ. ಮಾಸಿಕ ಸರಾಸರಿಯಲ್ಲಿ ಉಪಕರಣದ ಕಾಯಿಲೆಗಳು ಕಾಣುವುದಿಲ್ಲ. ಹಳೆಯ ಗೇಜ್‌ಗಳಲ್ಲಿ ಕೊಳವೆಯಂಥ ಬಾವಿ, ಅದರ ತಳದಲ್ಲಿ ಸಣ್ಣ ರಂಧ್ರ, ಒಳಗೆ ತೇಲುಬುಂಡೆ. ರಂಧ್ರಕ್ಕೆ ಹೂಳು, ಚಿಪ್ಪು ಕಟ್ಟಿದರೆ ಉಬ್ಬರ ತಡವಾಗುತ್ತದೆ, ಏರಿಳಿತ ಕುಗ್ಗುತ್ತದೆ; ಆದರೂ ಸರಾಸರಿ ಸುಮಾರಾಗಿ ಸರಿಯಾಗಿಯೇ ಕಾಣುತ್ತದೆ. ಗಡಿಯಾರದ ದೋಷವೂ ಹೀಗೆಯೇ. ಇದನ್ನು ಹಿಡಿಯಲು ಗಂಟೆವಾರು ಅಳತೆ ಬೇಕು: ಉಬ್ಬರವಿಳಿತದ ಮುನ್ಸೂಚನೆಯನ್ನು ಅದರಿಂದ ಕಳೆದಾಗ ಉಳಿಕೆಯಲ್ಲಿ 12 ಗಂಟೆ 25 ನಿಮಿಷದ ಅಲೆ ಕಂಡರೆ ಗಡಿಯಾರ ತಪ್ಪಿರಬಹುದು. ಈ ಅವಧಿಯ, ಚಂದ್ರನಿಂದಾಗುವ ಮುಖ್ಯ ಉಬ್ಬರವಿಳಿತದ (ಎಂ2 ಘಟಕ) ಪಾರ 50 ಸೆಂ.ಮೀ. ಇರುವ ಕಡೆ 10 ನಿಮಿಷದ ತಪ್ಪು ಸುಮಾರು 4 ಸೆಂ.ಮೀ. ಉಳಿಕೆ ತರುತ್ತದೆ. ಹಳೆಯ ಮುಂಬೈ ಅಳತೆಯಾದರೆ ಅದು ಬಾಂಬೆ ಟೈಮೋ ಈಗಿನ ಭಾರತೀಯ ಸಮಯವೋ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಎರಡಕ್ಕೂ 39 ನಿಮಿಷದ ಅಂತರ. ಗಂಟೆವಾರು ದಾಖಲೆಗೆ ಹವಾಯಿ ವಿಶ್ವವಿದ್ಯಾಲಯದ ಸೀ ಲೆವೆಲ್ ಸೆಂಟರ್ ನೋಡಬೇಕು.

ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಪಿಎಸ್‌ಎಂಎಸ್‌ಎಲ್ ಧಾರಾಳ ಸಾಕು. ಏರಿಕೆಯ ದರಕ್ಕೆ ಮುಂಬೈ, ಕೊಚ್ಚಿಯಂಥ ದೀರ್ಘ ದಾಖಲೆ ಆರಿಸಿಕೊಳ್ಳಿ, ಋತುಮಾನದ ಏರಿಳಿತಕ್ಕೆ ಕಾರವಾರ ಚೆನ್ನಾಗಿದೆ. ವರದಿಯಲ್ಲಿ ಗೇಜ್ ಕೇಂದ್ರದ (ಸ್ಟೇಷನ್) ಸಂಖ್ಯೆಯ ಜೊತೆ ಫೈಲ್ ಇಳಿಸಿಕೊಂಡ ದಿನಾಂಕವನ್ನೂ ಬರೆಯಿರಿ, ಏಕೆಂದರೆ ದೋಷ ಗೊತ್ತಾದಾಗ ಸಂಸ್ಥೆ ಹಳೆಯ ವರ್ಷಗಳ ಸಂಖ್ಯೆಗಳನ್ನೂ ತಿದ್ದುತ್ತದೆ.