ಮಿರಜದ ಸತಾರಮೇಕರ ಗಲ್ಲಿಯಲ್ಲಿ ತಂಬೂರಿ ಕೊಳ್ಳುವವರಿಗೆ

ಕಾಗವಾಡ, ಅಥಣಿ, ಜತ್ತ ಕಡೆಯ ಕನ್ನಡ ಮನೆಗಳವರು ಮಿರಜಕ್ಕೆ ಬರುವುದು ಹೆಚ್ಚಾಗಿ ದವಾಖಾನೆಗೆ, ಇಲ್ಲವೆ ರೈಲು ಹಿಡಿಯುವುದಕ್ಕೆ. ಲಕ್ಷ್ಮೀ ಮಾರ್ಕೆಟ್ಟಿನ ಕಾಯಿಪಲ್ಲೆಯೂ ಸುತ್ತಲಿನ ಬಟ್ಟೆ ಪಾತ್ರೆಗಳೂ ಸಾಂಗ್ಲಿಯಲ್ಲಿ ಸಿಗುವಂಥವೇ, ಅವುಗಳಿಗಾಗಿ ಇಲ್ಲಿಯವರೆಗೆ ಬರಬೇಕಾಗಿಲ್ಲ. ಆದರೆ ಶನಿವಾರ ಪೇಠೆಯ ಸತಾರಮೇಕರ ಗಲ್ಲಿಯಂಥ ಪೇಟೆ ನಮ್ಮ ಸುತ್ತಮುತ್ತಲಿನ ಯಾವ ಊರಿನಲ್ಲಿಯೂ ಇಲ್ಲ. ಸಿತಾರ, ತಂಬೂರಿ, ರುದ್ರವೀಣೆ, ದಿಲ್‌ರುಬಾಗಳನ್ನು ಮಾಡುವವರು ಮತ್ತು ಮಾರುವವರು ಇಲ್ಲಿ ಬಹುಮಟ್ಟಿಗೆ ಒಬ್ಬರೇ. ಮುಂದಿನ ಕೋಣೆಯಲ್ಲಿ ತಯಾರಾದ ವಾದ್ಯಗಳು ತೂಗಾಡುತ್ತಿದ್ದರೆ ಹಿಂದಿನ ಕೋಣೆಯಲ್ಲಿ ಅರಗಿನ ಪಾಲಿಶ್ ವಾಸನೆಯ ನಡುವೆ ಇನ್ನೊಂದಕ್ಕೆ ದಂಡಿ, ಅಂದರೆ ಉದ್ದನೆಯ ಕೊರಳು, ಕೂರಿಸುವ ಕೆಲಸ ನಡೆದಿರುತ್ತದೆ. ಖ್ಯಾಲ ಕಲಿಯುತ್ತಿರುವ ನನ್ನ ತಂಗಿಯ ಮಗಳಿಗೆ ಈ ವರ್ಷ ತಂಬೂರಿ ಕೊಳ್ಳುವುದಿತ್ತು. ಹೀಗಾಗಿ ಗಲ್ಲಿಯ ಅಂಗಡಿಗಳನ್ನೆಲ್ಲ ಸಾವಕಾಶವಾಗಿ ನೋಡುವ, ಅದಕ್ಕಿಂತ ಹೆಚ್ಚಾಗಿ ಕೇಳುವ ಅವಕಾಶ ಒದಗಿತು. ಈ ಗಲ್ಲಿಯಲ್ಲಿ ಹಣ ಕೊಡಬೇಕಾದದ್ದು ಕುಸುರಿಗಲ್ಲ, ಜವಾರಿಗೆ, ಅಂದರೆ ತಂತಿಗಳನ್ನು ಹೊರುವ ಘೋಡಿಯೆಂಬ ತುಂಡನ್ನು ನಾದ ಅರಳುವಂತೆ ಹದಗೊಳಿಸುವ ಕೆಲಸಕ್ಕೆ, ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಸುಬಿಗೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ವಯಸ್ಸಿದೆ. ಪಟವರ್ಧನರ ಸಂಸ್ಥಾನವಾಗಿದ್ದ ಮಿರಜದಲ್ಲಿ ಆಯುಧಗಳ ಕೆಲಸ ಮಾಡಿಕೊಂಡಿದ್ದ ಶಿಕಲಗಾರ ಸಮುದಾಯದ ಫರೀದಸಾಹೇಬರು 19ನೆಯ ಶತಮಾನದಲ್ಲಿ ತಂತಿವಾದ್ಯಗಳ ದುರಸ್ತಿಗೆ ಕೈಹಾಕಿ, ಮುಂದೆ ಅವುಗಳನ್ನು ತಾವೇ ಮಾಡತೊಡಗಿದರೆಂದು ಇಲ್ಲಿಯ ಮನೆತನಗಳು ಹೇಳುತ್ತವೆ. ಶಿಕಲಗಾರರು ಸತಾರಮೇಕರರಾದದ್ದು ಹೀಗೆ. ಆದರೆ ಕೈಚಳಕವೊಂದರಿಂದಲೇ ಈ ಗಲ್ಲಿ ಬೆಳೆಯಲಿಲ್ಲ, ಪಕ್ಕದಲ್ಲಿಯೇ ಕಟುವಾದ ಕಿವಿಯ ಗಿರಾಕಿಗಳಿದ್ದರು. ಬಾಲಕೃಷ್ಣಬುವಾ ಇಚಲಕರಂಜೀಕರರು ಮಿರಜದಲ್ಲಿ ಪಾಠ ಹೇಳುತ್ತಿದ್ದರು. ವಿಷ್ಣು ದಿಗಂಬರ ಪಲುಸ್ಕರರು ಅವರಲ್ಲಿ ಕಲಿತದ್ದು ಇದೇ ಊರಿನಲ್ಲಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಘರಾಣೆಯ ತಾಲೀಮು ಪಡೆದದ್ದೂ ಇಲ್ಲಿಯೇ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜವನ್ನೇ ಮನೆ ಮಾಡಿಕೊಂಡರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಖಾಜಾ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ, ಉರುಸಿನ ಹೊತ್ತಿಗೆ ಅಲ್ಲಿ ಇಂದಿಗೂ ಸಂಗೀತ ಸೇವೆ ನಡೆಯುತ್ತದೆ. ತಂಬೂರಿಯ ನಾದದ ವಿಷಯದಲ್ಲಿ ಖಾನಸಾಹೇಬರು ಬಹಳ ನಿಷ್ಠುರರಾಗಿದ್ದರು, ವಾದ್ಯ ದುರಸ್ತಿಯಲ್ಲಿ ಸ್ವತಃ ನುರಿತವರೂ ಆಗಿದ್ದರು. ಅವರ ಶಿಷ್ಯ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಹರಿದುಬಂದ ಹಾಡಿಕೆಯ ಹಿಂದೆ ಸದಾ ಮಿಡಿಯುತ್ತಿದ್ದ ತಂಬೂರಿಯ ನಾದದಲ್ಲಿ ಈ ಗಲ್ಲಿಗೂ ಒಂದು ಪಾಲಿದೆಯೆಂದು ನಾನು ನಂಬಿದ್ದೇನೆ.

ಮಿರಜದ ತಂಬೂರಿಯ ಜೀವ ಇರುವುದು ಅದರ ಸೋರೆಬುರುಡೆಯಲ್ಲಿ. ತಂಜಾವೂರಿನ ತಂಬೂರಿಗೆ ಹಲಸಿನ ಮರದ ಕೊಡವಿದ್ದರೆ ಇಲ್ಲಿಯದಕ್ಕೆ ಕುಂಬಳದಷ್ಟು ದುಂಡಗೆ ಬೆಳೆಯುವ, ತಿನ್ನಲು ಬಾರದ ಕಹಿ ಜಾತಿಯ ದೊಡ್ಡ ಸೋರೆ ಬೇಕು. ಅದು ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಿಂದ. ಚೆನ್ನಾಗಿ ಒಣಗಿದ ಕಾಯಿಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕೊಯ್ದು, ಒಳಗಿನ ತಿರುಳು ಬೀಜಗಳನ್ನು ಕೆರೆದು ತೆಗೆಯುತ್ತಾರೆ. ಮತ್ತೆ ಒಣಗುವಾಗ ಆಕಾರ ಕೆಡದಂತೆ ಒಳಗೆ ಕಡ್ಡಿಗಳ ಆಸರೆ ಕೊಡುತ್ತಾರೆ. ತೂನ್ ಮರದ ದಂಡಿ ಮತ್ತು ಬುರುಡೆಯ ಬಾಯಿ ಮುಚ್ಚುವ ಮೇಲಿನ ಹಲಗೆಯಾದ ತಬಲಿ ಕೂಡಿಸಿ, ಕೊರಳಿನ ಕೂಡುಗೆರೆಯ ಮೇಲೆ ಎಲೆಯಾಕಾರದ ಕೆತ್ತನೆ ಕೂರಿಸಿದ ಮೇಲೆ ಪಾಲಿಶ್‌ನ ಸರದಿ. ಬುರುಡೆಯ ವಿಷಯದಲ್ಲಿ ಕೊಳ್ಳುವವರು ಸಂಕೋಚಪಡಬಾರದು. ತಂತಿಯನ್ನು ಮುಟ್ಟದೆ ಬುರುಡೆಯನ್ನು ಸುತ್ತಲೂ ಬೆರಳಿನಿಂದ ತಟ್ಟಿ ನೋಡಬೇಕು. ಎಲ್ಲ ಕಡೆ ಒಂದೇ ಬಗೆಯ ದನಿ ಬಂದರೆ ಸರಿ, ಒಂದು ಕಡೆ ಮಾತ್ರ ಮಂಕಾಗಿ ಕೇಳಿದರೆ ಅಲ್ಲಿ ಬಿರುಕನ್ನು ತುಂಬಿ ಮೇಲೆ ಬಣ್ಣ ಎಳೆದಿರುವ ಸಾಧ್ಯತೆಯಿದೆ. ಅಂಥ ಒಂದು ವಾದ್ಯ ನಮಗೂ ಎದುರಾಯಿತು. ಕೇಳಿದಾಗ ಅಂಗಡಿಯವರು ಅಲ್ಲಗಳೆಯಲಿಲ್ಲ, ಕೇಳದಿದ್ದರೆ ಹೇಳುತ್ತಲೂ ಇರಲಿಲ್ಲ.

ಕುಸುರಿಯ ಬಗ್ಗೆ ನನ್ನ ತಕರಾರು ಗಟ್ಟಿಯಾಗಿಯೇ ಇದೆ. ಅಂಗಡಿಯ ಮುಂದೆ ತೂಗುಹಾಕುವುದು ಬಳ್ಳಿ, ಹೂವು, ನವಿಲುಗಳಿಂದ ಮೈತುಂಬಿದ ತಂಬೂರಿಗಳನ್ನು, ಮತ್ತು ಮೊದಲ ಸಲ ಕೊಳ್ಳುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಆ ಬಿಳಿಯ ಕೆಲಸ ಈಗ ಬಹುತೇಕ ಪ್ಲಾಸ್ಟಿಕ್ ಹಾಳೆಯದು. ಅದರಲ್ಲಿ ಶ್ರಮವಿದೆ, ಅಂದವೂ ಇದೆ, ಆದರೆ ನಾದಕ್ಕೆ ಅದರಿಂದ ಏನೂ ಸೇರುವುದಿಲ್ಲ. ಬೆಲೆ ಮಾತ್ರ ಬಹಳ ಏರುತ್ತದೆ. ಒಳಗಿನ ಗೋಡೆಗೆ ಒರಗಿಸಿಟ್ಟ ಸಾದಾ ಅಂಚಿನ ತಂಬೂರಿಗಳನ್ನು ಕೆಳಗಿಳಿಸಿ ಶ್ರುತಿ ಮಾಡಿಕೊಡಿರೆಂದು ಕೇಳಬೇಕು. ನಮ್ಮ ಆಯ್ಕೆ ಸಿಕ್ಕಿದ್ದು ಅವುಗಳ ನಡುವೆಯೇ.

ಅದನ್ನು ತೋರಿಸಿದ ಹಿರಿಯ ಕುಶಲಕರ್ಮಿ ಮೊದಲು ಕೇಳಿದ್ದು ನಮ್ಮ ಬಜೆಟ್ಟನ್ನಲ್ಲ. "ಅಕ್ಕಾರ, ಹುಡುಗಿ ಯಾವ ಪಟ್ಟಿಯೊಳಗ ಹಾಡತಾಳ್ರಿ?" ಎಂದರು. ಕರಿ ನಾಲ್ಕು, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೆಯ ಕರಿ ಮನೆಯ ಶ್ರುತಿ, ಎಂದ ಕೂಡಲೇ ಅಲ್ಲಿದ್ದ ಐದಡಿಯ ಗಂಡಸರ ತಂಬೂರಿಗಳನ್ನೆಲ್ಲ ಬದಿಗೆ ಸರಿಸಿ ಗಿಡ್ಡ ದಂಡಿಯ ಒಂದನ್ನು ಎತ್ತಿಕೊಂಡರು. ತಂತಿಗಳನ್ನು ಸಡಿಲಿಸಿ, ಘೋಡಿಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು, ಅದರ ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ತಂತಿ ಉಜ್ಜಿದ ಕಡೆ ಕೂದಲೆಳೆಯಂಥ ಗೀರು ಬಿದ್ದಿತ್ತು. ಸಣ್ಣ ಕಾನಸಿನಿಂದ ಎರಡು ಬಾರಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸಿ, ತಂತಿ ಬಿಗಿದು ಮೀಟಿದರು. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಮತ್ತೆ ತೆಗೆದರು, ಮತ್ತೆ ಎಳೆದರು. ಘೋಡಿ ಮತ್ತು ತಂತಿಯ ನಡುವೆ ಹತ್ತಿಯ ಎಳೆಯನ್ನು, ಅಂದರೆ ಜೀವಾವನ್ನು, ಸೇರಿಸಿ ಕೂದಲಷ್ಟೇ ಹಿಂದೆ ಮುಂದೆ ಸರಿಸುತ್ತ ಹೋದಾಗ ಒಂದು ಜಾಗದಲ್ಲಿ ತಂತಿಯ ನಾದ ಇದ್ದಕ್ಕಿದ್ದಂತೆ ಅರಳಿ ಕೋಣೆಯನ್ನು ತುಂಬಿತು. ಖರಜದ ಹಿತ್ತಾಳೆ ತಂತಿಯನ್ನು ಮಾತ್ರ ಮೀಟಿ, "ಈಗ ಗಂಧಾರ ಕೇಳಸ್ತೈತೇನ್ರಿ?" ಎಂದರು. ಕೇಳಿಸುತ್ತಿತ್ತು. ಯಾರೂ ಮೀಟದ ಗಾಂಧಾರ ಮಂದ್ರ ಷಡ್ಜದ ಒಳಗಿನಿಂದ ತಾನಾಗಿ ಎದ್ದುಬರುತ್ತಿತ್ತು.

ಜವಾರಿಯೆಂದರೆ ಇಷ್ಟೇ, ಮತ್ತು ಎಲ್ಲವೂ ಇದರಲ್ಲಿಯೇ ಇದೆ. ಅಗಲವಾದ ಘೋಡಿಯ ಮೇಲ್ಮೈ ಬಹಳ ನವಿರಾಗಿ ಬಾಗಿರುತ್ತದೆ. ಕಂಪಿಸುವ ತಂತಿ ಆ ಇಳಿಜಾರನ್ನು ಸವರುತ್ತಿರುವುದರಿಂದ ಮೂಲಸ್ವರದೊಡನೆ ಅದರ ಉಪಸ್ವರಗಳೂ ಎದ್ದು ನಿಲ್ಲುತ್ತವೆ. ಇಳಿಜಾರು ತುಸು ಹೆಚ್ಚಾದರೆ ನಾದ ಮೊಂಡಾಗುತ್ತದೆ, ಕಡಿಮೆಯಾದರೆ ಗರಗರ ಎನ್ನುತ್ತದೆ. ಇದನ್ನು ಅಳೆಯುವ ಉಪಕರಣ ಆ ಕೋಣೆಯಲ್ಲಿ ಯಾವುದೂ ಇರಲಿಲ್ಲ, ಕಿವಿಯೇ ಅಳತೆ. ಆದ್ದರಿಂದ ಅಂಗಡಿಯಲ್ಲಿ ನಾಲ್ಕೂ ತಂತಿಗಳನ್ನು ಒಟ್ಟಿಗೆ ಮೀಟಿಸಿ ಮೆಚ್ಚಿಕೊಂಡು ಬಂದುಬಿಡುವುದು ಸಾಲದು. ಒಂದೊಂದೇ ತಂತಿಯನ್ನು ಬೇರೆಯಾಗಿ ಕೇಳಬೇಕು. ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದಾಗಲೂ ಜವಾರಿ ನಿಲ್ಲುತ್ತದೆಯೇ ನೋಡಬೇಕು. ಮಾಲಕಂಸ ಹಾಡುವವರಿಗೆ ಇದು ತೀರ ಅಗತ್ಯ. ಬಿರಡೆ ಜಾರುತ್ತಿದ್ದರೆ ಅಲ್ಲಿಯೇ ಸರಿಮಾಡಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವವರೇ ಜವಾರಿ ಮಾಡಬಲ್ಲವರೇ ಎಂದು ತಿಳಿದುಕೊಳ್ಳಬೇಕು. ಗಲ್ಲಿಯಲ್ಲಿ ಬರಿಯ ವ್ಯಾಪಾರವನ್ನಷ್ಟೇ ಮಾಡುವ ಅಂಗಡಿಗಳೂ ಇವೆ, ಅಲ್ಲಿ ಬೆಲೆ ಕಡಿಮೆ ಸಿಕ್ಕರೂ ನಾನು ಶಿಫಾರಸು ಮಾಡಲಾರೆ.

ಹಳೆಯ ವಾದ್ಯಗಳನ್ನು ಅರಸುವವರಿಗೆ ಈ ಗಲ್ಲಿ ಇನ್ನೂ ದೊಡ್ಡ ಭಂಡಾರ. ಧಾರವಾಡ, ಹುಬ್ಬಳ್ಳಿ, ಗದಗಗಳ ಮನೆಗಳಲ್ಲಿ ಅಜ್ಜನ ಕಾಲದಿಂದ ಮೂಲೆಗೆ ಬಿದ್ದ ತಂಬೂರಿಗಳು ದುರಸ್ತಿಗೆಂದು ಇಲ್ಲಿಗೆ ಬರುತ್ತವೆ; ಕೆಲವು ಮರಳಿ ಹೋಗದೆ ಮಾರಾಟಕ್ಕೆ ಉಳಿಯುತ್ತವೆ. ದಶಕಗಳ ಕಾಲ ಒಣಗಿ ಹದಗೊಂಡ ಬುರುಡೆಗೆ ಹೊಸ ಘೋಡಿ ಕೂರಿಸಿದಾಗ ಬರುವ ಗಂಭೀರ ನಾದವನ್ನು ಹೊಸ ವಾದ್ಯದಲ್ಲಿ ನಾನು ಕೇಳಿಲ್ಲ. ಆದರೆ ಇಲ್ಲಿ ಕಾನೂನಿನ ಎಚ್ಚರ ಬೇಕು. ಹಳೆಯ ವಾದ್ಯಗಳ ಘೋಡಿ, ಅಂಚುಪಟ್ಟಿಗಳಲ್ಲಿ ಆನೆದಂತ ಅಥವಾ ಜಿಂಕೆಕೊಂಬು ಇರಬಹುದು. ಆನೆದಂತದ ವ್ಯಾಪಾರ ನಮ್ಮ ದೇಶದಲ್ಲಿ ಅಪರಾಧ, ವಸ್ತು ಎಷ್ಟೇ ಹಳೆಯದಾಗಿದ್ದರೂ ಕೊಳ್ಳಕೂಡದು. ನೂರು ವರ್ಷ ದಾಟಿದ ಕುಸುರಿ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಅನ್ವಯಿಸುವುದರಿಂದ ಅಂಥವನ್ನು ಹೊರದೇಶದ ನೆಂಟರಿಗೆ ಕಳಿಸುವ ಯೋಚನೆಯನ್ನೂ ಬಿಡಬೇಕು. ಮನೆಯಲ್ಲಿಯೇ ಹಳೆಯ ತಂಬೂರಿ ಇದ್ದವರು ಹೊಸದನ್ನು ಕೊಳ್ಳುವ ಮೊದಲು ಅದನ್ನೊಮ್ಮೆ ಇಲ್ಲಿಗೆ ಹೊತ್ತು ತರಲಿ. ಈ ಗಲ್ಲಿ ಮಾಡುವ ಅತ್ಯುತ್ತಮ ಕೆಲಸ ಹೊಸ ವಾದ್ಯವಲ್ಲ, ದುರಸ್ತಿ.

ಕೊರತೆಗಳನ್ನೂ ಹೇಳಬೇಕು. ಯಾವ ವಾದ್ಯದ ಮೇಲೂ ಬೆಲೆಯ ಚೀಟಿಯಿಲ್ಲ, ಒಂದೇ ಮಟ್ಟದ ಎರಡು ತಂಬೂರಿಗಳ ಬೆಲೆ ಏಕೆ ಬೇರೆಯೆಂಬುದಕ್ಕೆ ಎಲ್ಲ ಕಡೆಯೂ ನೇರ ಉತ್ತರ ಸಿಗುವುದಿಲ್ಲ. ಹೇಳಿಮಾಡಿಸಿದರೆ ಕೊಟ್ಟ ಮಾತಿನ ದಿನ ಮೀರುವುದು ಸಾಮಾನ್ಯ. ನಮ್ಮ ಪರಿಚಯದ ಮನೆಯೊಂದರವರು ಗಣಪತಿ ಹಬ್ಬಕ್ಕೆಂದು ಹೇಳಿಟ್ಟ ವಾದ್ಯ ಅವರ ಕೈಸೇರಿದ್ದು ದೀಪಾವಳಿ ಕಳೆದ ಮೇಲೆ. ಗಲ್ಲಿ ಕಿರಿದು, ಮೋಟಾರು ಸೈಕಲ್ಲುಗಳ ಸದ್ದಿನಲ್ಲಿ ಸೂಕ್ಷ್ಮವಾದದ್ದು ಕೇಳುವುದು ಕಷ್ಟ, ಆದ್ದರಿಂದ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗುವುದು ಲೇಸು. ಕಸುಬಿನವರ ಮಕ್ಕಳಲ್ಲಿ ಹಲವರು ಬೇರೆ ಉದ್ಯೋಗ ಹಿಡಿದಿದ್ದಾರೆ. ವಿದ್ಯುನ್ಮಾನ ತಂಬೂರಿಯೂ ಈಗ ಮೊಬೈಲಿನ ಆ್ಯಪುಗಳೂ ಕಲಿಯುವ ಮಕ್ಕಳ ಮನೆಗಳನ್ನು ಹೊಕ್ಕ ಮೇಲೆ ಸಾದಾ ತಂಬೂರಿಯ ಬೇಡಿಕೆ ತಗ್ಗಿದೆಯೆಂಬ ಅಳಲನ್ನು ಹಲವು ಕಡೆ ಕೇಳಿದೆ. ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತು ದೊರೆತಿರುವುದು ಸಂತೋಷದ ಸಂಗತಿ. ಬೇರೆ ಕಡೆಯ ಸರಕಿಗೆ ಮಿರಜದ ಹೆಸರು ಅಂಟಿಸುವುದನ್ನು ಅದು ತಡೆದರೆ ಅಷ್ಟೇ ಸಾಕು.

ಭಾಷೆಯ ತೊಡಕು ಮಾತ್ರ ಇಲ್ಲವೆಂದೇ ಹೇಳಬೇಕು. ಮನೆಯೊಳಗೆ ದಖನಿ, ಬೀದಿಯಲ್ಲಿ ಮರಾಠಿ ಆಡುವ ಹಿರಿಯರಲ್ಲಿ ಹಲವರು ಕರ್ನಾಟಕದ ಗಿರಾಕಿಗಳೊಡನೆ ಒಡನಾಡಿ ಸಲೀಸಾಗಿ ಕನ್ನಡ ಮಾತಾಡುತ್ತಾರೆ. ಭಜನಾ ಮಂಡಳಿಗಳವರು ಏಕತಾರಿ ಕೊಳ್ಳುವುದಕ್ಕೂ ಇಲ್ಲಿಗೆ ಬರಬಹುದು. ಅದರಲ್ಲಿ ಹೆಚ್ಚು ಪರೀಕ್ಷೆಯ ಗೊಡವೆಯಿಲ್ಲ, ಬುರುಡೆ ಗಟ್ಟಿಯಿದ್ದರೆ ಸಾಕು. ಬುರುಡೆಯಿಲ್ಲದ ಪೆಟ್ಟಿಗೆಯಂಥ ಚಿಕ್ಕ ತಂಬೂರಿಯನ್ನು ಪ್ರಯಾಣ ಹೆಚ್ಚಿರುವವರು ಕೊಳ್ಳಲಿ, ಮನೆಯ ರಿಯಾಜಿಗೆ ಅದು ಬೇಡ.

ಕೊಂಡ ಮೇಲೆ ಒಯ್ಯುವ ಬಗೆಯನ್ನು ಅಂಗಡಿಯವರಿಂದಲೇ ಕೇಳಿ ತಿಳಿಯಬೇಕು. ತಂತಿಗಳನ್ನು ಪೂರ್ತಿ ಬಿಚ್ಚದೆ ಸಡಿಲಿಸಿ, ಘೋಡಿಯ ಸುತ್ತ ಬಟ್ಟೆ ತುರುಕಿ ಕಟ್ಟಿಕೊಡುತ್ತಾರೆ. ಬಸ್ಸಿನ ಮೇಲೆ ಹಾಕುವುದಂತೂ ಸಲ್ಲದು, ರೈಲಿನಲ್ಲಿ ಮೇಲಿನ ಬರ್ತಿನ ಮೇಲೆ ಮಲಗಿಸಿ ತರುವುದೇ ಕ್ಷೇಮ. ಮಳೆಗಾಲದಲ್ಲಿ ಬುರುಡೆ ತೇವ ಹೀರುವುದರಿಂದ ಗೋಡೆಗೆ ತಾಗಿಸಿ ಇಡಬಾರದೆಂದೂ, ದಿನವೂ ನುಡಿಸಿದರೆ ಜವಾರಿ ಕಾಲಕ್ರಮದಲ್ಲಿ ಸವೆಯುವುದರಿಂದ ಘೋಡಿಯೊಂದನ್ನೇ ಬಿಚ್ಚಿ ತರದೆ ಇಡೀ ತಂಬೂರಿಯನ್ನೇ ತರಬೇಕೆಂದೂ ನಮಗೆ ಹೇಳಿ ಕಳಿಸಿದರು. ಅದೇ ವಾದ್ಯದ ಮೇಲೆ, ಅದೇ ತಂತಿಯೊಡನೆ ಕೇಳದೆ ಕಾನಸು ಹಿಡಿಯಲು ಅವರು ಒಪ್ಪುವುದಿಲ್ಲ.