ಹದಿನೇಳರಿಂದ ಹದಿನಾರಕ್ಕೆ ಇಳಿದ ಆಕ್ಟೇವಿಯಾ

ಮೊದಲೇ ಲೆಕ್ಕ ಒಪ್ಪಿಸಿಬಿಡುತ್ತೇನೆ. ನನ್ನ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಬುಷ್ (ಕೀಲುಗಳಲ್ಲಿ ಕೂರುವ ರಬ್ಬರು), ಚಕ್ರ, ಟೈರು, ಕೂಲಿ ಎಲ್ಲ ಸೇರಿ ಬಿದ್ದದ್ದು 1,81,300 ರೂಪಾಯಿ. ಕಾರನ್ನು ಕೊಂಡದ್ದೇ 2,10,000ಕ್ಕೆ. ಸಕಲೇಶಪುರದಲ್ಲಿ ನನ್ನ ಪಕ್ಕದ ಮಳಿಗೆಯ ಕಾಫಿ ವ್ಯಾಪಾರಿ ಇದನ್ನು ಕೇಳಿ, "ಎಮ್ಮೆಗಿಂತ ಹಗ್ಗಕ್ಕೇ ಜಾಸ್ತಿ ಕೊಟ್ಟಿದ್ದೀರಿ" ಎಂದರು. ಎಮ್ಮೆಗಿಂತ ಹಗ್ಗ ಇನ್ನೂ ಮೂವತ್ತು ಸಾವಿರ ಅಗ್ಗವೇ ಎಂದು ತಿದ್ದಿದೆ. ಅವರು ಅದನ್ನು ಸಮಾಧಾನವೆಂದು ಒಪ್ಪಲಿಲ್ಲ.

ಈ ಕಾರಿನ ಗುಟ್ಟು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ, ಮ್ಯಾನುಯಲ್ ಗೇರು. ನಮ್ಮಲ್ಲಿ ಟರ್ಬೊ ಎಂದರೆ ಡೀಸೆಲ್ ಎಂದೇ ನಂಬಿದ್ದ ಕಾಲದಲ್ಲಿ ಔರಂಗಾಬಾದಿನ ಕಾರ್ಖಾನೆಯಿಂದ ಇಳಿದ ಗಾಡಿ. ನನ್ನ ಕೈಗೆ ಬರುವ ಹೊತ್ತಿಗೆ ಎಂಜಿನ್ ಗಟ್ಟಿಯಾಗಿತ್ತು, ಕಾಲುಗಳು ಮಾತ್ರ ಹೋಗಿದ್ದವು. ಬೆಂಗಳೂರಿನಲ್ಲಿದ್ದ ಹಿಂದಿನ ಮಾಲೀಕರು ಕಾರು ನೆಲಕ್ಕೆ ಅಂಟಿದಂತೆ ಕಾಣಲಿ ಎಂದು ನಾಲ್ಕೂ ಸ್ಪ್ರಿಂಗುಗಳನ್ನು ಗ್ಯಾಸ್ ಕಟರಿನಲ್ಲಿ ಒಂದೊಂದು ಸುತ್ತು ಕೊಯ್ಸಿದ್ದರು. ಮೇಲೆ 17 ಇಂಚಿನ ಕಪ್ಪು ಅಲಾಯ್ ಚಕ್ರ, 225/45 ಟೈರು. ನಿಂತಾಗ ನೋಡಲು ಚೆನ್ನಾಗಿತ್ತು. ಒಪ್ಪುತ್ತೇನೆ, ನಾನು ಮರುಳಾದದ್ದೂ ಆ ನಿಲುವಿಗೇ.

ಮರುಳು ಬಿಟ್ಟದ್ದು ದೋಣಿಗಾಲಿನ ಹತ್ತಿರ. ಮಂಗಳೂರಿಗೆ ಹೊರಟಿದ್ದೆ, ಶಿರಾಡಿ ಇಳಿಯುವ ಮೊದಲು ಎಡ ಮುಂದಿನ ಚಕ್ರದಿಂದ 'ಟಕ್ ಟಕ್' ಸದ್ದು. ಬ್ರೇಕ್ ಹಿಡಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಬದಿಗೆ ನಿಲ್ಲಿಸಿ ಪಾನಾ ಹಾಕಿದರೆ ಐದರಲ್ಲಿ ಮೂರು ಬೋಲ್ಟು ಬೆರಳಿಗೇ ತಿರುಗಿದವು. ಎರಡು ವಾರದ ಹಿಂದೆ ನಾನೇ ಬಿಗಿ ಮಾಡಿದ್ದ ಬೋಲ್ಟುಗಳು! ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಕಾರಣ ಕಂಡಿತು. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಂಪನಿಯ ಬೋಲ್ಟಿನ ಕುತ್ತಿಗೆ ಗೋಲಿಯಂತೆ ದುಂಡಗಿರುತ್ತದೆ. ಹೊರಗೆ ಸಿಗುವ ಬಹುಪಾಲು ಅಲಾಯ್ ಚಕ್ರಗಳಲ್ಲಿ ಬೋಲ್ಟು ಕೂರುವ ಕುಳಿ ಆಲಿಕೆಯಂತೆ ಓರೆ. ಆಲಿಕೆಯೊಳಗೆ ಗೋಲಿ ಹಾಕಿದರೆ ಅದು ತಾಗುವುದು ಉಗುರಿನ ಅಂಚಿನಷ್ಟು ಅಗಲದ ಒಂದು ಉಂಗುರದಲ್ಲಿ ಮಾತ್ರ. ನನ್ನ ಬೋಲ್ಟಿನ ಮೇಲೆ ಆ ಉಂಗುರ ಹೊಳೆಯುವ ಗೆರೆಯಾಗಿ ಮೂಡಿತ್ತು, ಉಳಿದ ಭಾಗಕ್ಕೆ ತುಕ್ಕು ಹಾಗೆಯೇ ಇತ್ತು. ಚಕ್ರ ಮಾರಿದ ಅಂಗಡಿಯವರು ಓರೆ ಕುತ್ತಿಗೆಯ ಬೋಲ್ಟು ಕೊಡುವ ಬದಲು ಹಳೆಯದನ್ನೇ ತಿರುಗಿಸಿ ಕಳಿಸಿದ್ದರು. ಇಪ್ಪತ್ತು ಬೋಲ್ಟಿಗೆ ಎರಡು ಸಾವಿರವೂ ಆಗುವುದಿಲ್ಲ, ಆದರೆ ಘಾಟಿಯಲ್ಲಿ ಒಂದು ಚಕ್ರ ಕಳಚಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೆ? ಕಾರನ್ನು ವಾಪಸ್ ತಿರುಗಿಸಿದೆ, ನಿಧಾನವಾಗಿ, ಎರಡು ಕಡೆ ನಿಲ್ಲಿಸಿ ಬಿಗಿ ಮಾಡಿಕೊಂಡು.

ಮಳಿಗೆಗೆ ಬಂದವನೇ ಆ ಚಕ್ರವನ್ನು ಚೆರಿ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಇಟ್ಟೆ. ಟೈರು ಸೇರಿ 22 ಕಿಲೊ 400 ಗ್ರಾಂ. ಚಕ್ರದ ತೂಕ ಸ್ಪ್ರಿಂಗಿನ ಕೆಳಗಿರುವ ತೂಕ. ಪ್ರತಿ ಗುಂಡಿಯಲ್ಲೂ ಅಷ್ಟನ್ನೂ ಶಾಕ್ ಅಬ್ಸಾರ್ಬರೇ ತಡೆದು ನಿಲ್ಲಿಸಬೇಕು. ಮೊದಲೇ ಜೀವ ಹೋದ ಶಾಕ್, ಕೊಯ್ದ ಸ್ಪ್ರಿಂಗು, ಅದರ ಮೇಲೆ ಈ ಭಾರ. ಅಂದೇ ಆ ಚಕ್ರಗಳನ್ನು ಕಳಚಿಡುವುದೆಂದು ತೀರ್ಮಾನಿಸಿದೆ.

ಚಕ್ರ ಸುಲಭವಾಗಿ ಸಿಕ್ಕಿತು. ಈ ಆಕ್ಟೇವಿಯಾಕ್ಕೆ ಐದು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿಲಿಮೀಟರ್, ನಡುವಿನ ರಂಧ್ರ 57.1 ಮಿಲಿಮೀಟರ್. ನಮ್ಮಲ್ಲಿ ಓಡಾಡುವ ಪೋಲೊ, ವೆಂಟೊ, ರ‍್ಯಾಪಿಡ್ ಕಾರುಗಳದ್ದೂ ಇದೇ ಅಳತೆ. ಹೀಗಾಗಿ ಪೋಲೊದಿಂದ ಬಿಚ್ಚಿದ 16 ಇಂಚಿನ ಕಂಪನಿ ಚಕ್ರಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಕಂಪನಿಯ ಚಕ್ರವಾದ್ದರಿಂದ ಕುಳಿಯೂ ದುಂಡಗೆ, ನನ್ನ ಹಳೆಯ ಬೋಲ್ಟೇ ಸಾಕು. ನಾಲ್ಕಕ್ಕೆ 22,000. ಕೊಳ್ಳುವಾಗ ಬಣ್ಣ ನೋಡಬೇಡಿ, ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿ ಒಳಅಂಚನ್ನು ನೋಡಿ. ಗುಂಡಿಗೆ ಬಡಿದ ಚಕ್ರ ಒಳಗಡೆಯೇ ಡೊಂಕಾಗುವುದು, ಹೊರಗೆ ಫಳಫಳ ಹೊಳೆಯುತ್ತಿರುತ್ತದೆ. ಅಂಗಡಿಯವರು ತೋರಿಸಿದ ಮೊದಲ ಜೊತೆಯಲ್ಲಿ ಎರಡು ಕುಣಿದವು. ಎರಡನೆಯ ಜೊತೆಯನ್ನು ತಂದೆ. ಟೈರು ಹಾಕಿಸಿ ತೂಗಿದರೆ 18 ಕಿಲೊ 600 ಗ್ರಾಂ. ಒಂದೊಂದು ಮೂಲೆಯಲ್ಲೂ ಮೂರೂಮುಕ್ಕಾಲು ಕಿಲೊ ಉಳಿಕೆ.

ಟೈರು ಮಿಶೆಲಿನ್ ಪ್ರೈಮಸಿ, 205/55 ಆರ್16. ಈ ಪೀಳಿಗೆಯ ಆಕ್ಟೇವಿಯಾಕ್ಕೆ ಕಾರ್ಖಾನೆಯೇ ಒಪ್ಪಿದ ಅಳತೆ ಇದು. 15 ಇಂಚಿನ 195/65 ಟೈರಿಗೂ ಇದಕ್ಕೂ ಹೊರವ್ಯಾಸದಲ್ಲಿ ಮೂರು ಮಿಲಿಮೀಟರಿನ ಅಂತರವೂ ಇಲ್ಲ. ಸ್ಪೀಡೊಮೀಟರ್ ಸುಳ್ಳು ಹೇಳುವುದಿಲ್ಲ, ನೋಂದಣಿ ನವೀಕರಣಕ್ಕೆ ಹೋದಾಗ ಯಾರೂ ಹುಬ್ಬೇರಿಸುವುದಿಲ್ಲ. ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಅಂಗಡಿಯವರು ಮೊದಲು ಉರುಳಿಸಿ ತಂದದ್ದು ಎರಡು ವರ್ಷ ಹಳೆಯ ಮಾಲು. ಓದಿ ತೋರಿಸಿದೆ, ಹೊಸದು ಬಂತು.

ಇನ್ನು ಸಸ್ಪೆನ್ಷನ್. ಇಳಿಸುವ ಸ್ಪ್ರಿಂಗು, ಎತ್ತರ ಹೊಂದಿಸುವ ಕಾಯಿಲೋವರ್ ಎಂದು ಅನೇಕರು ಸಲಹೆ ಕೊಟ್ಟರು. ಅವರು ಯಾರೂ ಹಾನುಬಾಳಿನ ರಸ್ತೆಯಲ್ಲಿ ಜುಲೈ ತಿಂಗಳಿನಲ್ಲಿ ಓಡಾಡುವವರಲ್ಲ. ನನಗೆ ಬೇಕಿದ್ದದ್ದು ಮೂಲ ಎತ್ತರ, ಅದರೊಳಗೆ ಬಿಗಿಯಾದ ಹತೋಟಿ. ಬಿಲ್‌ಸ್ಟೈನ್ ಕಂಪನಿಯ ಹಳದಿ ಬಣ್ಣದ ಬಿ6 ಶಾಕ್ ತರಿಸಿದೆ, ಸುಂಕ ಸೇರಿ 74,000. ಅದೇ ಕಂಪನಿಯ ಬಿ4 ಅಗ್ಗ, ಮೂಲ ಶಾಕಿನ ಹಾಗೆಯೇ ಮೆತ್ತಗೆ. ಬಿ8 ಇರುವುದು ಇಳಿಸಿದ ಕಾರುಗಳಿಗೆ, ಅದರ ದಂಡ ಗಿಡ್ಡ. ಮೂಲ ಎತ್ತರದ ಸ್ಪ್ರಿಂಗಿಗೆ ಸರಿಹೊಂದುವ ಬಿಗಿ ಶಾಕ್ ಎಂದರೆ ಬಿ6. ಪೆಟ್ಟಿಗೆ ಒಡೆದ ದಿನ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿ ದಂಡವನ್ನು ಅಂಗೈಯಿಂದ ಒತ್ತಿದೆ. ಹಳೆಯದು ಪುಸಕ್ಕನೆ ಕೆಳಗೆ ಹೋಗಿ ಅಲ್ಲೇ ಕುಳಿತಿತು. ಹೊಸದಕ್ಕೆ ಮೈಭಾರವನ್ನೆಲ್ಲ ಹಾಕಬೇಕಾಯಿತು, ಕೈ ತೆಗೆದ ಮೇಲೆ ದಂಡ ಆತುರವಿಲ್ಲದೆ, ಒಂದೇ ವೇಗದಲ್ಲಿ ತಾನಾಗಿ ಮೇಲೆ ಬಂತು. ಒಳಗೆ ಒತ್ತಡದ ಅನಿಲವಿದೆ, ಎಣ್ಣೆಗೂ ಅದಕ್ಕೂ ನಡುವೆ ತೇಲುವ ಪಿಸ್ಟನ್ ಇದೆ. ಘಾಟಿಯಲ್ಲಿ ಎಷ್ಟು ಹೊತ್ತು ಕುಣಿಸಿದರೂ ಎಣ್ಣೆ ನೊರೆಯಾಗುವುದಿಲ್ಲ.

ಕೊಯ್ದ ಸ್ಪ್ರಿಂಗುಗಳ ಬದಲಿಗೆ ಶಿವಾಜಿನಗರದ ಗುಜರಿಯಲ್ಲಿ ಮೂಲ ಸ್ಪ್ರಿಂಗು ಹುಡುಕಿದೆ. ಅಲ್ಲಿ ಡೀಸೆಲ್ ಆಕ್ಟೇವಿಯಾದ ಸ್ಪ್ರಿಂಗು ರಾಶಿ ಬಿದ್ದಿರುತ್ತದೆ, ಎಲ್ಲ ಒಂದೇ ಎಂದು ಕೈಗೆ ಹಾಕುತ್ತಾರೆ. ಒಂದೇ ಅಲ್ಲ. ಕಾರಿನ ತೂಕಕ್ಕೆ ತಕ್ಕಂತೆ ಸ್ಪ್ರಿಂಗಿನ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. ಸೀಮೆಎಣ್ಣೆಯಲ್ಲಿ ಒರೆಸಿ ಒರೆಸಿ ಚುಕ್ಕೆ ಹೊಂದಿಸುವುದರಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು. ನಾಲ್ಕಕ್ಕೆ 6,000 ಕೊಟ್ಟೆ.

ಕೆಲಸ ಮಾಡಿಸಿದ್ದು ಬೆಂಗಳೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ. ಫಲಕವಿಲ್ಲ, ಕಾಯುವವರಿಗೆ ಸೋಫಾ ಇಲ್ಲ, ತಿರುಗಿಸಿಟ್ಟ ಎಣ್ಣೆ ಡಬ್ಬವೇ ಆಸನ. ಮೇಸ್ತ್ರಿಗೆ ಅರವತ್ತರ ಹತ್ತಿರದ ವಯಸ್ಸು. ಅವರನ್ನು ನಂಬಬಹುದೆಂದು ನನಗೆ ಅನ್ನಿಸಿದ ಗಳಿಗೆಯನ್ನು ಹೇಳಬೇಕು. ಈ ಕಾರಿನ ಮುಂದಿನ ಸ್ಟ್ರಟ್ಟು (ಸ್ಪ್ರಿಂಗು, ಶಾಕ್ ಸೇರಿದ ಕಂಬ) ಚಕ್ರ ಕೂರುವ ಹಬ್ಬಿನ ಮೇಲಿನ ಸೀಳಿದ ಕೊರಳಿನೊಳಗೆ ಇಳಿದು ಕೂತಿರುತ್ತದೆ. ಇಪ್ಪತ್ತು ವರ್ಷದ ತುಕ್ಕಿನಲ್ಲಿ ಅದು ಅಲ್ಲಾಡುವುದಿಲ್ಲ. ಹಾಸನದಲ್ಲಿ ವಿಚಾರಿಸಿದ ಕಡೆ ಆ ಸೀಳಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತೇವೆ ಎಂದಿದ್ದರು. ಈ ಮೇಸ್ತ್ರಿ ಡಬ್ಬಿಯಿಂದ ಮೊಟ್ಟೆಯಾಕಾರದ ತುದಿಯ ಒಂದು ಸಣ್ಣ ಕೀಲಿ ತೆಗೆದರು. ಸೀಳಿನಲ್ಲಿ ಇಟ್ಟು ಕಾಲು ಸುತ್ತು ತಿರುಗಿಸಿದರು. ಕೊರಳು ಕೂದಲೆಳೆಯಷ್ಟು ಅಗಲಿತು, ತುಕ್ಕಿನ ಪುಡಿ ಉದುರಿತು, ಹಬ್ಬು ತನ್ನ ಭಾರಕ್ಕೇ ಕೆಳಗೆ ಜಾರಿತು. ಒಂದು ಪೆಟ್ಟೂ ಬೀಳಲಿಲ್ಲ.

"ಶಾಕ್ ಹಾಕಿ ಕಳಿಸಬಹುದು ಸರ್, ಆದರೆ ಈ ಬುಷ್ ಇಟ್ಟುಕೊಂಡು ನೀವು ನಾಳೆಯೇ ಬಂದು ಸದ್ದು ಹೋಗಿಲ್ಲ ಎನ್ನುತ್ತೀರಿ" ಎಂದರು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ಹಿಂದಿನ ಬುಷ್ಷಿಗೆ ಬೆರಳು ತೂರಿಸಿ ತೋರಿಸಿದರು, ರಬ್ಬರು ಹರಿದು ಬಾಯಿ ಬಿಟ್ಟಿತ್ತು. ಮೂಲ ಬುಷ್ಷಿನಲ್ಲಿ ಉದ್ದೇಶಪೂರ್ವಕವಾಗಿಯೇ ಪೊಳ್ಳು ಇರುತ್ತದೆ, ಮೆತ್ತಗಿರಲಿ ಎಂದು. ಅದೇ ಅಳತೆಯಲ್ಲಿ ಆಡಿ ಟಿಟಿಗೆ ಬರುವ ಬುಷ್ ಪೊಳ್ಳಿಲ್ಲದೆ ಗಟ್ಟಿ ರಬ್ಬರಿನದು, ಇದಕ್ಕೂ ಕೂರುತ್ತದೆ. ಅದನ್ನೇ ಹಾಕಿಸಿದೆ. ಪಾಲಿಯೂರಿಥೇನ್ ಬುಷ್ ಬೇಡವೆಂದೆ. ವರ್ಷದೊಳಗೆ ಕೀರಲು ಶುರುಮಾಡುತ್ತದೆ, ಮಲೆನಾಡಿನ ಕೆಸರಿಗೆ ಇನ್ನೂ ಬೇಗ. ಬಾಲ್ ಜಾಯಿಂಟ್, ಲಿಂಕ್ ರಾಡ್ ಸೇರಿ 17,000. ಸ್ಟ್ರಟ್ಟಿನ ಮೇಲಿನ ಮೌಂಟು, ಬೇರಿಂಗು, ಬಂಪ್ ಸ್ಟಾಪುಗಳಿಗೆ 14,500. ಕೂಲಿ 9,000.

ಬುಷ್ಷಿನ ಬೋಲ್ಟುಗಳನ್ನು ಅವರು ಕಾರು ಲಿಫ್ಟಿನಲ್ಲಿ ನೇತಾಡುತ್ತಿದ್ದಾಗ ಬಿಗಿ ಮಾಡಲಿಲ್ಲ. ಚಕ್ರದ ಮೇಲೆ ಭಾರ ಬಿಟ್ಟು, ಕೆಳಗೆ ಮಲಗಿಕೊಂಡು ಬಿಗಿ ಮಾಡಿದರು. ನೇತಾಡುವಾಗ ಬಿಗಿ ಮಾಡಿದರೆ ಕಾರು ಕೂತ ಕ್ಷಣದಿಂದಲೇ ರಬ್ಬರು ತಿರುಚಿಕೊಂಡಿರುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ. ಚಕ್ರದ ಬೋಲ್ಟುಗಳಿಗೆ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್. ದೋಣಿಗಾಲಿನ ಕಥೆ ಕೇಳಿದ್ದ ಅವರು ಪ್ರತಿ ಬೋಲ್ಟಿನ 'ಕ್ಲಿಕ್' ನನಗೆ ಕೇಳಿಸುವವರೆಗೂ ಬಿಡಲಿಲ್ಲ.

ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟಿಗೆ ಬೇರೆ ಕಡೆ ಹೋಗಬೇಕಾಯಿತು, ಅಲ್ಲಿ ಕಹಿ. ಬಿಲ್ಲಿನಲ್ಲಿ 'ನಾಲ್ಕು ಚಕ್ರ ಕ್ಯಾಂಬರ್ ಹೊಂದಾಣಿಕೆ' ಎಂದು 2,400 ಬರೆದಿದ್ದರು. ಕ್ಯಾಂಬರ್ ಎಂದರೆ ಚಕ್ರದ ತಲೆ ಒಳಗೋ ಹೊರಗೋ ವಾಲುವ ಕೋನ. ಈ ಕಾರಿನ ಹಿಂದೆ ಇರುವುದು ಇಡಿಯಾದ ತೊಲೆ, ಅಲ್ಲಿ ತಿರುಗಿಸಲು ಏನೂ ಇಲ್ಲ. ಮುಂದೆಯೂ ಟೋ, ಅಂದರೆ ಚಕ್ರ ಎಡಕ್ಕೋ ಬಲಕ್ಕೋ ಮುಖಮಾಡುವ ಕೋನ ಮಾತ್ರ. ಕ್ಯಾಂಬರ್ ಎಡಬಲ ಸಮ ಮಾಡಬೇಕೆಂದರೆ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮನ್ನೇ ಸರಿಸಬೇಕು, ಅದನ್ನು ಅವರು ಮುಟ್ಟಿರಲೇ ಇಲ್ಲ. ಯಾವ ಬೋಲ್ಟು ತಿರುಗಿಸಿದಿರಿ ತೋರಿಸಿ ಎಂದೆ. ಹುಡುಗ ಕಂಪ್ಯೂಟರಿನ ಪರದೆ ತೋರಿಸಿದ. ಬಿಲ್ಲು 1,200ಕ್ಕೆ ಇಳಿಯಿತು. ಟೋ ಮಾತ್ರ ಸರಿಯಾಗಿ ಹೊಂದಿಸಿದ್ದರು, ಸ್ಟಿಯರಿಂಗು ನೇರ ನಿಂತಿದೆ.

ಎಂಟು ತಿಂಗಳಾಗಿದೆ, 9,000 ಕಿಲೊಮೀಟರ್, ನಡುವೆ ಒಂದು ಮಳೆಗಾಲ. ಚಾರ್ಮಾಡಿಯಲ್ಲಿ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯತೊಡಗಿದರೆ ಮೊದಲು ಪ್ರತಿ ತಿರುವಿನಲ್ಲೂ ಕಾರು ಒಂದು ಸಲ ವಾಲಿ, ಯೋಚಿಸಿ, ಆಮೇಲೆ ತಿರುಗುತ್ತಿತ್ತು. ಈಗ ಕೈ ತಿರುಗಿದಾಗಲೇ ಮೂಗೂ ತಿರುಗುತ್ತದೆ. ತಿರುವಿನ ನಡುವೆ ಗುಂಡಿ ಬಂದರೆ ಸದ್ದು ಕೇಳುತ್ತದೆ, ದಾರಿ ತಪ್ಪುವುದಿಲ್ಲ. ನನಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಹಿಂದಿನ ಸೀಟಿನಿಂದ ಬಂತು. ಅಮ್ಮ ಹಾಸನಕ್ಕೆ ಹೊರಟಾಗಲೆಲ್ಲ ಬಾಳ್ಳುಪೇಟೆ ಸಮೀಪಿಸುವ ಮೊದಲೇ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು, ಅಲ್ಲಿನ ಉಬ್ಬಿಗೆ ಅವರ ಸೊಂಟ ಅಷ್ಟು ಹೆದರಿತ್ತು. ಈ ಸಲ ಉಬ್ಬು ದಾಟಿ ಒಂದು ಕಿಲೊಮೀಟರ್ ಆದ ಮೇಲೂ ಹಿಡಿದೇ ಇದ್ದರು. "ಬಾಳ್ಳುಪೇಟೆ ಇನ್ನೂ ಬರಲಿಲ್ಲವೇನೋ?" ಎಂದು ಕೇಳಿದರು.

ದೂರುಗಳೂ ಇವೆ. ಬಿ6 ನಿಧಾನದಲ್ಲಿ ಗಡಸು. ಇಪ್ಪತ್ತು ಮೂವತ್ತರ ವೇಗದಲ್ಲಿ ತೇಪೆ ಹಾಕಿದ ಡಾಂಬರಿನ ಮೇಲೆ ಪ್ರತಿ ತೇಪೆಯನ್ನೂ ಎಣಿಸಿ ಹೇಳುತ್ತದೆ. ಐವತ್ತು ದಾಟಿದ ಮೇಲೆಯೇ ಅದು ಸುಮ್ಮನಾಗುವುದು. ಪೇಟೆಯೊಳಗೆ ಮಾತ್ರ ಓಡಿಸುವವರು ಬಿ4 ಹಾಕಿಸಿ, ಹಣವೂ ಉಳಿಯುತ್ತದೆ. ಗಟ್ಟಿ ಬುಷ್ಷಿನಿಂದ ಸ್ಟಿಯರಿಂಗಿಗೆ ಸಣ್ಣ ನಡುಕ ಬರುತ್ತದೆ, ನನಗೆ ಅಭ್ಯಾಸವಾಯಿತು, ನನ್ನ ಹೆಂಡತಿಗೆ ಆಗಿಲ್ಲ. ಪ್ರೈಮಸಿಯ ಪಕ್ಕೆ ಮೆತ್ತಗಿದೆ, ತೋಟದ ಕಲ್ಲುದಾರಿಯಲ್ಲಿ ಒಂದನ್ನು ಆಗಲೇ ಸೀಳಿಕೊಂಡಿದ್ದೇನೆ. ಇನ್ನು, 16 ಇಂಚಿನಲ್ಲಿ ಕಾರು ನೋಡಲು ಗುಮಾಸ್ತರ ಕಾರಿನಂತೆ ಕಾಣುತ್ತದೆ, ಅದಕ್ಕೆ ಮದ್ದಿಲ್ಲ.

ಕಪ್ಪು ಹದಿನೇಳರ ನಾಲ್ಕೂ ಚಕ್ರ ಗೋದಾಮಿನಲ್ಲಿವೆ. ಎರಡು ಡೊಂಕು, ಎರಡು ನೆಟ್ಟಗಿವೆ. ನೆಟ್ಟಗಿರುವುದನ್ನು ಯಾರಾದರೂ ಆರು ಸಾವಿರಕ್ಕೆ ಕೇಳಿದರೆ ಓರೆ ಕುತ್ತಿಗೆಯ ಬೋಲ್ಟನ್ನೂ ಕೊಡಿಸಿ ಕಳಿಸುತ್ತೇನೆ. ಡೊಂಕಿನವುಗಳಲ್ಲಿ ಒಂದಕ್ಕೆ ಆಳುಗಳು ಕಾಫಿ ಕಣ ತೊಳೆಯುವ ಪೈಪು ಸುತ್ತಿಟ್ಟಿದ್ದಾರೆ. ಅಳತೆ ಸರಿಯಾಗಿ ಕೂತಿದೆ.